ರಟ್ಟು, ಬಟ್ಟೆ, ಹುಲ್ಲು: ಕಡಿಮೆ ಖರ್ಚಿನಲ್ಲಿ ಬಾಣಕ್ಕೊಂದು ಬಟ್ರೆಸ್

ಹೊಸದಾಗಿ ಆರ್ಚರಿಗೆ ಸೇರಿದ ಮಕ್ಕಳ ಅಪ್ಪ ಅಮ್ಮಂದಿರು ಒಂದೆರಡು ತಿಂಗಳಾದ ಮೇಲೆ ಬಂದು ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. "ಸರ್, ಮನೇಲೂ ಪ್ರಾಕ್ಟೀಸ್ ಮಾಡ್ಬೇಕು ಅಂತಾನೆ. ಕಡಿಮೆ ಖರ್ಚಲ್ಲಿ ಒಂದು ಬಟ್ರೆಸ್ ಮಾಡ್ಕೊಳ್ಳೋಕಾಗುತ್ತಾ?" ಬಟ್ರೆಸ್ ಅಂದರೆ ಗುರಿಯ ಹಿಂದೆ ಇದ್ದು, ಹೊಡೆದ ಬಾಣವನ್ನು ಹಿಡಿದು ನಿಲ್ಲಿಸುವ ದಪ್ಪ ದಿಂಡು. ಖಂಡಿತ ಆಗುತ್ತದೆ. ಗುಜರಿ ಅಂಗಡಿಯ ಸಾಮಾನಿನಲ್ಲೇ ಆಗುತ್ತದೆ. ಆದರೆ ಅದಕ್ಕೆ ಮೊದಲು ನನ್ನದೂ ಒಂದು ಪ್ರಶ್ನೆ ಇರುತ್ತದೆ: ಅದನ್ನು ಇಡುವ ಜಾಗದ ಹಿಂದೆ ಏನಿದೆ?

ಪಕ್ಕದ ಮನೆಯ ಹಿತ್ತಲು, ಬಟ್ಟೆ ಒಣಹಾಕುವ ಜಾಗ, ಜನ ಓಡಾಡುವ ದಾರಿ ಅಂದರೆ ಮಾತು ಅಲ್ಲಿಗೇ ಮುಗಿಯಿತು. ಬಟ್ರೆಸ್ ಎಷ್ಟೇ ಚೆನ್ನಾಗಿರಲಿ, ತನಗೆ ತಗುಲಿದ ಬಾಣವನ್ನು ಮಾತ್ರ ತಡೆಯುತ್ತದೆ. ಕಲಿಯುವವರ ಬಾಣ ತಪ್ಪೇ ತಪ್ಪುತ್ತದೆ. ಬೆರಳು ಜಾರಿ ಮೇಲಕ್ಕೆ ಹಾರಿದರೆ 25 ಪೌಂಡ್ ಎಳೆತದ, ತುದಿಗಳು ಮುಂದಕ್ಕೆ ಬಾಗಿದ ಸಾಧಾರಣ ರಿಕರ್ವ್ ಬಿಲ್ಲಿನ ಬಾಣವೂ ನೂರು ಮೀಟರ್ ದಾಟಿ ಹೋಗಿ ಬೀಳುತ್ತದೆ. ಹಾಗಾಗಿ ತಾರಸಿ ಮೇಲೆ ಬೇಡವೇ ಬೇಡ, ಎಷ್ಟೇ ಖಾಲಿ ಇರಲಿ. ಎತ್ತರದ ಗೋಡೆ, ಉದ್ದನೆಯ ಶೆಡ್, ಕಲ್ಲಿಲ್ಲದ ಮಣ್ಣಿನ ದಿಬ್ಬ ಇವು ಒಳ್ಳೆಯ ಹಿನ್ನೆಲೆ. ಹಳ್ಳಿಯವರು ಕೆರೆ ಏರಿ ತೋರಿಸುತ್ತಾರೆ. ನೋಡಲು ಅದು ಹೇಳಿ ಮಾಡಿಸಿದ ಹಾಗೇ ಇರುತ್ತದೆ, ಆದರೆ ಏರಿ ಮೇಲೆ ಯಾವ ಹೊತ್ತಿಗೆ ದನ ಬರುತ್ತದೆ, ಯಾವ ಹೊತ್ತಿಗೆ ಬೈಕ್ ಬರುತ್ತದೆ ಹೇಳೋಕಾಗಲ್ಲ.

ಜಾಗ ಸಿಕ್ಕಿತು ಅಂತಿಟ್ಟುಕೊಳ್ಳಿ. ಆಮೇಲೆ ಎಲ್ಲರೂ ಗಟ್ಟಿ ವಸ್ತು ಹುಡುಕಲು ಹೊರಡುತ್ತಾರೆ. ಹಲಗೆ, ಪ್ಲೈವುಡ್, ಮರಳಿನ ಚೀಲ. ಅದು ಪೂರ್ತಿ ಉಲ್ಟಾ. ಮೊನೆಯನ್ನು ಎದುರಿನಿಂದ ತಡೆದರೆ ಬಾಣ ಸೀಳುತ್ತದೆ, ಇಲ್ಲವೇ ವಾಪಸ್ ಚಿಮ್ಮುತ್ತದೆ. ಒಳ್ಳೆಯ ಬಟ್ರೆಸ್ ಮೊನೆಗೆ ದಾರಿ ಬಿಟ್ಟು, ಬಾಣದ ಕಡ್ಡಿಯನ್ನು ಪಕ್ಕದಿಂದ ಅವುಚಿ ಹಿಡಿಯುತ್ತದೆ. ಬಾಣ ನಿಲ್ಲುವುದು ಆ ಉಜ್ಜಾಟದಿಂದ.

ಸ್ವಲ್ಪ ಲೆಕ್ಕ ಹಾಕೋಣ. 20 ಗ್ರಾಂ ತೂಕದ ಬಾಣ ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಬಂದರೆ ಅದರಲ್ಲಿ 25 ಜೂಲ್ ಶಕ್ತಿ ಇರುತ್ತದೆ. ಅದು 25 ಸೆಂಟಿಮೀಟರ್ ಒಳಗೆ ಹೋಗಿ ನಿಂತರೆ, ಸರಾಸರಿ 10 ಕಿಲೋ ಭಾರದಷ್ಟು ಹಿಡಿತ ಸಾಕು. ಅದೇ ಬಾಣ 5 ಸೆಂಟಿಮೀಟರಿನಲ್ಲೇ ನಿಲ್ಲಬೇಕಾದರೆ 50 ಕಿಲೋ. ಆ ಒತ್ತಡವೆಲ್ಲ ಬೀಳುವುದು ಪೆನ್ಸಿಲಿಗಿಂತ ದಪ್ಪ ಇಲ್ಲದ ಒಂದು ಕಡ್ಡಿಯ ಮೇಲೆ. ಇನ್ನು ತುದಿಗಳಲ್ಲಿ ರಾಟೆ ಇರುವ ಕಾಂಪೌಂಡ್ ಬಿಲ್ಲಿನ ಬಾಣ ಸೆಕೆಂಡಿಗೆ 85 ಮೀಟರ್ ಬರುತ್ತದೆ. 25 ಗ್ರಾಮಿನದಾದರೆ 90 ಜೂಲ್ ಮುಟ್ಟುತ್ತದೆ. ಅಣ್ಣನ ಕಾಂಪೌಂಡಿಗೂ ತಮ್ಮನ ರಿಕರ್ವಿಗೂ ಒಂದೇ ಬಟ್ರೆಸ್ ಸಾಕಾಗಲ್ಲ ಅನ್ನುವುದು ಇದಕ್ಕೇ. ಹಗುರ ಬಿಲ್ಲಿಗೆ 30 ಸೆಂಟಿಮೀಟರ್ ದಪ್ಪ ಸಾಕು. ಕಾಂಪೌಂಡಿಗೆ 45 ಆದರೂ ಇರಲಿ.

ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ರಟ್ಟು. ಫ್ರಿಜ್, ವಾಷಿಂಗ್ ಮೆಷಿನ್ ಮಾರುವ ಅಂಗಡಿಗಳಲ್ಲಿ ದೊಡ್ಡ ಪೆಟ್ಟಿಗೆ ಸಿಗುತ್ತವೆ, ಗುಜರಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತವೆ. ಟೇಪು, ಸ್ಟೇಪ್ಲರ್ ಪಿನ್ನು ಎಲ್ಲ ಕಿತ್ತು ಹಾಕಿ. 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಹಾಳೆಗಳಾಗಿ ಕತ್ತರಿಸಿ, ಒಂದರ ಮೇಲೊಂದು ಪೇರಿಸುತ್ತಾ ಹೋಗಿ. ಬಾಣ ಹಾಳೆಯ ಮುಖಕ್ಕೆ ಬಡಿಯಬಾರದು, ಅಂಚಿಗೆ ಬಡಿಯಬೇಕು. ಆಗ ಮೊನೆ ಎರಡು ಹಾಳೆಗಳ ನಡುವೆ ಜಾಗ ಮಾಡಿಕೊಂಡು ನುಗ್ಗುತ್ತದೆ, ಆ ಎರಡೂ ಹಾಳೆ ಸೇರಿ ಕಡ್ಡಿಯನ್ನು ಹಿಡಿಯುತ್ತವೆ. ರಟ್ಟು ಹರಿಯುವುದೂ ಕಡಿಮೆ. ಮುಖಕ್ಕೆ ಹೊಡೆಯುವ ಹಾಗೆ ನಿಲ್ಲಿಸಿದವರ ಬಟ್ರೆಸ್ ಒಂದೇ ವಾರದಲ್ಲಿ ನಡುವೆ ತೂತಾಗಿರುತ್ತದೆ.

60 ಸೆಂಟಿಮೀಟರ್ ಎತ್ತರ ಬರಲು ಮೂರು ಮಿಲಿಮೀಟರಿನ ರಟ್ಟಾದರೆ ಲೆಕ್ಕದ ಪ್ರಕಾರ 200 ಹಾಳೆ. ಬಿಗಿದಾಗ ಕುಗ್ಗುತ್ತದೆ, ಹಾಗಾಗಿ ಇನ್ನೂ ಒಂದಷ್ಟು ಜಾಸ್ತಿ ಇಟ್ಟುಕೊಳ್ಳಿ. ಕೆಳಗೊಂದು ಹಲಗೆ, ಮೇಲೊಂದು ಹಲಗೆ. ಹಲಗೆಗಳು ರಟ್ಟಿಗಿಂತ ಎರಡೂ ಬದಿ ಸ್ವಲ್ಪ ಹೊರಗೆ ಬರಲಿ. ಆ ತುದಿಗಳಲ್ಲಿ ತೂತು ಕೊರೆದು ಉದ್ದಕ್ಕೂ ಸ್ಕ್ರೂವಿನ ಸುತ್ತು ಇರುವ ನಾಲ್ಕು ಥ್ರೆಡ್ ರಾಡ್ ಹಾಕಿ, ನಟ್ ತಿರುಗಿಸಿ ಬಿಗಿಯಿರಿ. ರಾಡಿನ ತಲೆನೋವು ಬೇಡ ಅನ್ನುವವರು ಲಾರಿಯವರು ಲೋಡ್ ಕಟ್ಟುವ ರ‍್ಯಾಚೆಟ್ ಬೆಲ್ಟ್ ಎರಡು ತಂದರೆ ಆಯಿತು. ಬಿಗಿಯುವ ಮೊದಲು ಮೇಲಿನ ಹಲಗೆ ಮೇಲೆ ಇಬ್ಬರು ಹತ್ತಿ ನಿಲ್ಲಲಿ. ಇಡೀ ಕೆಲಸದ ಜೀವ ಇರುವುದು ಈ ಬಿಗಿಯಲ್ಲಿ. ಎರಡು ಹಾಳೆ ನಡುವೆ ಬೆರಳು ತೂರಿಸಿ ನೋಡಿ, ಉಗುರಿನ ತುದಿಯೂ ಹೋಗಬಾರದು.

ಬೇಕಾದರೆ ಇದರ ಮೇಲೆ 40 ಸೆಂಟಿಮೀಟರಿನ ಫೇಸ್, ಅಂದರೆ ವೃತ್ತಗಳಿರುವ ಗುರಿ ಹಾಳೆ, ಅಂಟಿಸಿ. ಒಳಾಂಗಣ ಸ್ಪರ್ಧೆಯಲ್ಲಿ 18 ಮೀಟರಿಗೆ ಬಳಸುವ ಅಳತೆ ಅದು. ಸುತ್ತ 10 ಸೆಂಟಿಮೀಟರ್ ಬಿಡುವು ಉಳಿಯುತ್ತದೆ, ರಾಡಿಗೂ ಹಲಗೆಗೂ ಬಾಣ ಬಡಿಯುವುದು ಕಡಿಮೆಯಾಗುತ್ತದೆ. ಕೆಲವು ತಿಂಗಳಿಗೆ ನಡುಭಾಗ ಮೆತ್ತಗಾಗುತ್ತದೆ. ಆಗ ಬಿಚ್ಚಿ, ನಡುವಿನ ಹಾಳೆಗಳನ್ನು ಮೇಲೆ ಕೆಳಗೆ ಹಾಕಿ, ಅಂಚಿನವನ್ನು ನಡುವೆ ತಂದು ಮತ್ತೆ ಬಿಗಿದರೆ ಇನ್ನೊಂದು ಸುತ್ತು ಬಾಳುತ್ತದೆ. ಮಳೆಗೆ ಮಾತ್ರ ಬಿಡಬೇಡಿ. ಒಂದು ಸಲ ನೆನೆದ ರಟ್ಟು ಒಣಗಿದರೂ ಮೊದಲಿನ ಹಾಗೆ ಹಿಡಿಯುವುದಿಲ್ಲ.

ಎರಡನೇ ದಾರಿ ಗೋಣಿಚೀಲ. ಒಳಗೆ ಹಾಕಲು ಗ್ಯಾರೇಜಿನವರು ಕೈ ಒರೆಸಲು ತರುವ ಬನಿಯನ್ ವೇಸ್ಟ್‌ಗಿಂತ ಒಳ್ಳೆಯದು ಇನ್ನೊಂದಿಲ್ಲ. ಗಾರ್ಮೆಂಟ್ಸ್ ಇರುವ ಊರಿನಲ್ಲಿ ಕಟಿಂಗ್ ವೇಸ್ಟ್ ಮೂಟೆಗಟ್ಟಲೆ ಬರುತ್ತದೆ. ಮನೆಯ ಹಳೇ ಬಟ್ಟೆಯೂ ಆಗುತ್ತದೆ, ಗುಂಡಿ, ಜಿಪ್, ಹುಕ್ ಒಂದನ್ನೂ ಬಿಡದೆ ಕತ್ತರಿಸಿದ್ದರೆ. ಒಂದೇ ಒಂದು ಪ್ಯಾಂಟಿನ ಜಿಪ್ ಸಾಕು ಬಾಣ ಹಾಳು ಮಾಡಲು. ಸೀರೆಯನ್ನು ಇಡಿಯಾಗಿ ತುರುಕಬೇಡಿ, ಮೊನೆಗೆ ಸುತ್ತಿಕೊಂಡು ಬಾಣದ ಜೊತೆಗೇ ಹೊರಗೆ ಬರುತ್ತದೆ. ಅಂಗೈಯಗಲ ಹರಿದು ಹಾಕಿ. ಒನಕೆಯೋ ದೊಣ್ಣೆಯೋ ಹಿಡಿದು ಮೂಲೆಮೂಲೆಗೂ ಜಡಿದು ತುಂಬಿ, ಬಾಯಿಯನ್ನು ದಬ್ಬಳದಲ್ಲಿ ಹೊಲಿಯಿರಿ. ಚೀಲದಿಂದ ಬಾಣ ಎರಡೇ ಬೆರಳಿಗೆ ಬರುತ್ತದೆ. ಸಣ್ಣ ಮಕ್ಕಳಿಗೆ ಇದೇ ಸರಿ. ದಿನ ಕಳೆದಂತೆ ಬಟ್ಟೆ ಕೆಳಗೆ ಕೂರುತ್ತದೆ, ಮೇಲ್ಭಾಗ ಟೊಳ್ಳಾಗುತ್ತದೆ. ಆ ಟೊಳ್ಳಿನಲ್ಲಿ ಬಾಣ ಸಲೀಸಾಗಿ ಪಾರಾಗುತ್ತದೆ. ಆಗಾಗ ಬಿಚ್ಚಿ ತುಂಬುತ್ತಿರಬೇಕು.

ಹುಲ್ಲಿನ ವಿಷಯ. ಫೋಮ್ ಬರುವ ಮೊದಲು ಇಂಗ್ಲೆಂಡಿನಲ್ಲಿ ಹುಲ್ಲಿನ ಹಗ್ಗವನ್ನು ಸುರುಳಿ ಸುತ್ತಿ, ಬಿಗಿಯಾಗಿ ಹೊಲಿದ ದುಂಡನೆಯ ಬಟ್ರೆಸ್‌ಗಳೇ ಇದ್ದವು. ಕರಾವಳಿಯಲ್ಲಿ ಅಕ್ಕಿ ಮುಡಿ ಕಟ್ಟಿದವರ ಕೈಗೆ ಆ ಕೆಲಸ ಹೊಸದಲ್ಲ. ಭತ್ತದ ಹುಲ್ಲಿನ ಹಗ್ಗವನ್ನು ಅಷ್ಟು ಬಿಗಿಯಾಗಿ ಸುತ್ತುವುದೇ ಅಲ್ಲಿನ ಕಸುಬು. ಅಂಥ ಹಿರಿಯರು ಊರಲ್ಲಿದ್ದರೆ ಹೋಗಿ ಕೇಳಿ. ಯಂತ್ರ ಕಟ್ಟಿದ ಹುಲ್ಲಿನ ಪೆಂಡಿ ಇದ್ದ ಹಾಗೇ ಸಾಲುವುದಿಲ್ಲ. ಇನ್ನೆರಡು ಹಗ್ಗ ಸುತ್ತಿ ಎಳೆದು ಬಿಗಿಯಬೇಕು. ಇಟ್ಟಿಗೆ ಮೇಲೆ ಇಡಿ, ಇಲ್ಲದಿದ್ದರೆ ಗೆದ್ದಲು. ಇಟ್ಟರೂ ಇಲಿ ತಪ್ಪಿದ್ದಲ್ಲ.

ಚಪ್ಪಲಿ ಮಾಡುವವರು ಬಳಸುವ ಇವಿಎ ಅನ್ನುವ ಫೋಮ್ ಶೀಟಿನ ತುಂಡುಗಳು ಸಿಕ್ಕರೆ ಅದೃಷ್ಟ. ರಟ್ಟಿನ ಹಾಗೇ ಅಂಚು ಮುಂದೆ ಮಾಡಿ ಪೇರಿಸಿ. ಮಳೆಗೂ ಜಗ್ಗಲ್ಲ. ಬಾಣ ಕೀಳಲು ಕಷ್ಟವಾದರೆ ಕಡ್ಡಿಯ ಮುಂಭಾಗಕ್ಕೆ ಒಣ ಸೋಪು ಸವರಿ.

ಬೇಡದವು: ಥರ್ಮೋಕೋಲ್. ಉಜ್ಜಾಟದ ಬಿಸಿಗೆ ಕರಗಿ ಕಾರ್ಬನ್ ಕಡ್ಡಿಗೆ ಮೆತ್ತಿಕೊಳ್ಳುತ್ತದೆ, ಕಾಳು ಅಂಗಳವೆಲ್ಲ ಹಾರುತ್ತದೆ. ಟೈರ್. ಬಾಣವನ್ನು ಹೊಡೆದವರ ಕಡೆಗೇ ತಿರುಗಿಸಿ ಕಳಿಸುತ್ತದೆ. ಹತ್ತಿ ಹಾಸಿಗೆ. ಇದರಲ್ಲಿ ಬಾಣ ನಿಲ್ಲುವುದೇ ಇಲ್ಲ. ವಿದೇಶದ ವಿಡಿಯೋ ನೋಡಿ ಬ್ಲೇಡ್ ಮೊನೆಗೆ ತಡೆಯುವ ಟಾರ್ಗೆಟ್ ಕೇಳುವವರೂ ಇದ್ದಾರೆ. ಅದು ಬೇಟೆಯ ಮೊನೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ. ಆ ಮೊನೆಯಿಂದ ನಮಗೇನು ಕೆಲಸ?

ಈಗ ತಪ್ಪಿದ ಬಾಣದ ಪರದೆ. ಗೋಡೆ ಇದ್ದರೂ ಪರದೆ ಬೇಕು, ಗೋಡೆಗೆ ಬಡಿದ ಬಾಣ ಉಳಿಯುವುದಿಲ್ಲ. ಕ್ರಿಕೆಟ್ ಬಲೆ ಪ್ರಯೋಜನವಿಲ್ಲ, ಅದರ ಕಣ್ಣಿನಲ್ಲಿ ಬಾಣ ನೇರ ತೂರಿ ಹೋಗುತ್ತದೆ. ಟಾರ್ಪಾಲ್ ಅಂತೂ ಸುಮ್ನೆ ಹರಿಯುತ್ತದೆ. ಗೋಣಿಚೀಲಗಳನ್ನು ಬಿಚ್ಚಿ ಎರಡು ಪದರ ಹೊಲಿದ ತಾಟು, ದಪ್ಪ ನಾರಿನ ಚಾಪೆ, ಶಾಮಿಯಾನದವರು ಎಸೆಯುವ ಹಳೇ ಕಾರ್ಪೆಟ್ ಒಳ್ಳೆಯದು. ಬಟ್ರೆಸ್‌ನ ಎರಡೂ ಬದಿಗೆ, ಮೇಲಕ್ಕೆ ಕನಿಷ್ಠ ಒಂದೊಂದು ಮೀಟರ್ ಜಾಸ್ತಿ ಇರಲಿ. ಗೋಡೆಯಿಂದ ಅರ್ಧ ಮೀಟರ್ ಮುಂದೆ, ಸಡಿಲವಾಗಿ ತೂಗಬಿಡಿ. ಬಿಗಿದು ಕಟ್ಟಿದರೆ ಬಾಣ ಒಂದೇ ಜಾಗದಲ್ಲಿ ಚುಚ್ಚಿ ಪಾರಾಗುತ್ತದೆ. ಸಡಿಲ ಬಿಟ್ಟರೆ ಇಡೀ ತಾಟು ಹಿಂದೆ ಸರಿದು ಅದರ ವೇಗ ನುಂಗುತ್ತದೆ. ಕೆಳಗಡೆ ಒಂದಡಿ ನೆಲದ ಮೇಲೆ ಮಡಚಿಕೊಂಡಿರಲಿ, ಇಲ್ಲದಿದ್ದರೆ ತಗ್ಗಿಗೆ ಬಂದ ಬಾಣ ನೆಲ ಸವರಿಕೊಂಡು ಅಡಿಯಿಂದಲೇ ನುಸುಳುತ್ತದೆ. ಇದು ಹಗುರ ರಿಕರ್ವ್‌ಗೆ ಮಾತ್ರ. ಕಾಂಪೌಂಡ್ ಬಾಣವನ್ನು ತಾಟು ನಿಧಾನ ಮಾಡುತ್ತದೆ ಅಷ್ಟೇ.

ಸ್ಪರ್ಧೆಯಲ್ಲಿ ಟಾರ್ಗೆಟ್‌ನ ನಡು ನೆಲದಿಂದ 130 ಸೆಂಟಿಮೀಟರ್ ಎತ್ತರ ಇರುತ್ತದೆ. ಮನೆಯಲ್ಲಿ ಹತ್ತಿರದಿಂದ ಹೊಡೆಯುವಾಗ ಮಗುವಿನ ಹೆಗಲಿನ ಮಟ್ಟಕ್ಕೆ ಇಟ್ಟರೆ ಬಾಣ ನೇರ ಹೋಗುತ್ತದೆ. ಸ್ಟ್ಯಾಂಡನ್ನು ಹಿಂದಿನಿಂದ ಎಳೆದು ಕಟ್ಟಿ, ಬಟ್ರೆಸ್ ಮುಂದಕ್ಕೆ ಮುಗ್ಗರಿಸಬಾರದು. ದೂರ ನಾಲ್ಕೈದು ಮೀಟರ್ ಸಾಕು. ಫೇಸ್ ಕೂಡ ಬೇಕಿಲ್ಲ. ಅಂಕದ ಯೋಚನೆ ಇಲ್ಲದೆ ಬರೀ ಎಳೆತ, ಬಿಡುಗಡೆ ತಿದ್ದಿಕೊಳ್ಳಲು ಮನೆಗಿಂತ ಒಳ್ಳೆಯ ಜಾಗ ಇಲ್ಲ. ಸ್ಪರ್ಧೆಯ 70 ಮೀಟರ್ ದೂರ ಹೇಗೂ ಮೈದಾನದಲ್ಲಿ ಇದ್ದೇ ಇದೆ, ಅಲ್ವಾ?

ಬಾಣ ಕೀಳುವಾಗ ಒಂದು ಅಂಗೈ ಬಟ್ರೆಸ್ ಮೇಲೆ ಒತ್ತಿ, ಇನ್ನೊಂದು ಕೈಯಲ್ಲಿ ಕಡ್ಡಿಯನ್ನು ಬಟ್ರೆಸ್‌ಗೆ ತಾಗುವಷ್ಟು ಹತ್ತಿರ ಹಿಡಿದು ನೇರ ಎಳೆಯಬೇಕು. ಅಲ್ಲಾಡಿಸಬಾರದು. ಹಿಂದೆ ಯಾರೂ ನಿಂತಿರಬಾರದು, ತಟ್ಟನೆ ಕಿತ್ತು ಬಂದ ಬಾಣದ ಹಿಂತುದಿ ಮಕ್ಕಳ ಕಣ್ಣಿನ ಮಟ್ಟಕ್ಕೇ ಬರುತ್ತದೆ. ಗೋಡೆಗೋ ರಾಡಿಗೋ ಬಡಿದ ಕಾರ್ಬನ್ ಬಾಣವನ್ನು ಎರಡೂ ತುದಿ ಹಿಡಿದು ನಿಧಾನ ಬಾಗಿಸಿ, ಕಿವಿ ಹತ್ತಿರ ಹಿಡಿದು ಕೇಳಿ. ಚಿಟಿಚಿಟಿ ಸದ್ದು ಬಂದರೆ ಬಿರುಕು ಇದೆ. ಅದನ್ನು ಮತ್ತೆ ಹೊಡೆದರೆ ಬಿಲ್ಲಿನಲ್ಲೇ ಸಿಡಿದು ಚೂರು ಕೈಗೆ ಚುಚ್ಚಬಹುದು. ಅಂಥದ್ದರ ನಾಕನ್ನು, ಅಂದರೆ ಹೆದೆಗೆ ಸಿಕ್ಕಿಸುವ ಹಿಂತುದಿಯ ತುಂಡನ್ನು, ಕೂಡಲೇ ಕಿತ್ತಿಡಿ. ನಾಕ್ ಇದ್ದರೆ ನಾಳೆ ಮಗು ಅದನ್ನೇ ತೆಗೆದುಕೊಂಡು ಹೂಡುತ್ತದೆ.