ಸೊಂಟ ಅಂದರೆ ಎಲ್ಲಿ?

“ಸೊಂಟ ನೋವು ಡಾಕ್ಟ್ರೇ” ಎಂದೆ. ಎಡವಿದ್ದು ಅಲ್ಲೇ.

ಕನ್ನಡದ ಸೊಂಟ ತುಂಬ ಉದಾರಿ. ಪಂಚೆ ಕಟ್ಟುವುದು ಸೊಂಟಕ್ಕೆ, ಮಗುವನ್ನು ಎತ್ತಿಕೊಳ್ಳುವುದು ಸೊಂಟದ ಮೇಲೆ, ಗ್ಯಾಸ್ ಸಿಲಿಂಡರ್ ಎತ್ತಲು ಬಗ್ಗಿದಾಗ ಹಿಡಿದುಕೊಳ್ಳುವುದೂ ಸೊಂಟವೇ. ಆದರೆ ತೊಡೆಮೂಳೆಯ ಗುಂಡು ತಲೆ ಬಟ್ಟಲಿನಂಥ ಕುಳಿಯಲ್ಲಿ ಕೂತು ತಿರುಗುತ್ತದಲ್ಲ, ಆ ಕೀಲಿಗೆ ನಮ್ಮ ಮನೆಯಲ್ಲಿ ಬೇರೆ ಹೆಸರು ನಾನು ಕೇಳಿಲ್ಲ. ಅದನ್ನೂ ಸೊಂಟದ ಲೆಕ್ಕಕ್ಕೇ ಸೇರಿಸಿಬಿಡುತ್ತೇವೆ. ತಮಾಷೆಯೆಂದರೆ ಆ ಕೀಲು ಕೆಟ್ಟಾಗ ನೋವು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಮುಂದೆ, ತೊಡೆಸಂದಿನಲ್ಲಿ. ಕೆಲವರಿಗೆ ಮಂಡಿಯಲ್ಲಿ. ಎರಡೂ ಕೀಲುಗಳಿಗೆ ಕವಲೊಡೆಯುವ ನರಗಳು ಒಂದೇ ಆಗಿರುವುದರಿಂದ ಮೆದುಳಿಗೆ ವಿಳಾಸ ತಪ್ಪುತ್ತದೆ.

ನನ್ನ ಮಾತು ಕೇಳಿದ ಮೊದಲ ವೈದ್ಯರು ಬೆನ್ನಿನ ಎಂಆರ್‌ಐ ಬರೆದುಕೊಟ್ಟರು. ರಿಪೋರ್ಟಿನಲ್ಲಿ ಬೆನ್ನುಮೂಳೆಯ ಕೆಳಭಾಗದ ಎಲ್4-ಎಲ್5 ಎಂಬ ಎರಡು ಮಣಿಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಉಬ್ಬಿದೆ ಎಂದಿತ್ತು. ಕಾರಣ ಸಿಕ್ಕಿತಲ್ಲ ಎಂದು ಮನೆಯವರೆಲ್ಲ ನಿರಾಳ. ಮೂರು ವಾರ ಬೆನ್ನಿನ ವ್ಯಾಯಾಮ ಮಾಡಿದೆ, ನೋವು ಮಾತ್ರ ಒಂದಿಷ್ಟೂ ಜಗ್ಗಲಿಲ್ಲ. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರನ್ನು ಸ್ಕ್ಯಾನ್ ಮಾಡಿ ನೋಡಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಕಡೆ ಡಿಸ್ಕ್ ಉಬ್ಬಿತ್ತು! ನಲವತ್ಮೂರರ ವಯಸ್ಸಿನಲ್ಲಿ ಉಬ್ಬಿದ ಡಿಸ್ಕ್ ಎಂದರೆ ನರೆತ ಕೂದಲಿನ ಹಾಗೆ; ಇರುತ್ತದೆ, ಅದರ ಪಾಡಿಗೆ ಅದು. ನನ್ನ ಅಸಲಿ ತೊಂದರೆ ಆ ಚಿತ್ರದ ಚೌಕಟ್ಟಿನಿಂದ ಒಂದು ಗೇಣು ಕೆಳಗಿತ್ತು.

ಎರಡನೆಯ ವೈದ್ಯರು ಫಿಲ್ಮು ನೋಡುವ ಮೊದಲು, “ಬಾಯಲ್ಲಿ ಹೇಳ್ಬೇಡಿ, ಕೈಯಿಟ್ಟು ತೋರ್ಸಿ” ಎಂದರು. ನಾನು ಹೆಬ್ಬೆರಳನ್ನು ಹಿಂದಕ್ಕೂ ಉಳಿದ ಬೆರಳುಗಳನ್ನು ತೊಡೆಸಂದಿಗೂ ಇಟ್ಟು ಬಲಪಕ್ಕವನ್ನು ಕವುಚಿ ಹಿಡಿದೆ. ಕೀಲಿನೊಳಗೆ ನೋವಿರುವವರು ಹೀಗೇ ಹಿಡಿಯುತ್ತಾರಂತೆ. ಮಲಗಿಸಿ, ಮಂಡಿ ಮಡಿಸಿ, ಕಾಲನ್ನು ಒಳಮುಖವಾಗಿ ತಿರುಗಿಸಿದರು. ಅಯ್ಯಪ್ಪಾ ಎಂದೆ. “ಇತ್ತೀಚೆಗೆ ಓಡೋಕೆ ಶುರು ಮಾಡಿದ್ರಾ?” ಮಾಡಿದ್ದೆ. ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟು, ಲಾಲ್‌ಬಾಗಿನಲ್ಲಿ ಒಂದೇ ತಿಂಗಳಲ್ಲಿ ದೂರವನ್ನು ಮೂರು ಪಟ್ಟು ಏರಿಸಿದ್ದೆ. ಸುಮ್ಮನೆ ನಡೆಯುವಾಗಲೇ ಈ ಕೀಲಿನ ಮೇಲೆ ಮೈತೂಕದ ಎರಡು ಪಟ್ಟಿಗಿಂತ ಹೆಚ್ಚು ಭಾರ ಬೀಳುತ್ತದೆ. ಓಡುವಾಗ ನಾಲ್ಕು ಪಟ್ಟು ದಾಟುತ್ತದೆ. ಎಕ್ಸ್‌ರೇ ತೆಗೆಸಿದರು, ಏನೂ ಕಾಣಲಿಲ್ಲ. “ಕಾಣ್ದೆ ಇದ್ರೆ ಇಲ್ಲ ಅಂತಲ್ಲ” ಎಂದು ಮತ್ತೆ ಎಂಆರ್‌ಐಗೆ ಕಳಿಸಿದರು. ಈ ಸಲ ಸೊಂಟದ ಕೀಲಿಗೆ.

ಸ್ಕ್ಯಾನಿಂಗ್ ಸೆಂಟರಿನ ಹುಡುಗ ಗಡಿಯಾರ, ಬೆಲ್ಟು, ಪರ್ಸು ಎಲ್ಲ ತೆಗೆಸಿ, ಕೊನೆಗೆ ಸ್ವಲ್ಪ ಸಂಕೋಚದಿಂದ ಕೇಳಿದ:

“ಉಡದಾರ ಇದ್ಯಾ ಸರ್?”

“ಬೆಳ್ಳಿದು. ಬೆಳ್ಳಿ ಅಯಸ್ಕಾಂತಕ್ಕೆ ಅಂಟಲ್ಲ ಅಲ್ವಾ?”

“ಅಂಟಲ್ಲ, ಬಿಸಿ ಆಗತ್ತೆ.”

ಅವನು ಹೇಳಿದ್ದು ಸರಿ. ಯಂತ್ರ ರೇಡಿಯೋ ಅಲೆ ಬಿಡುತ್ತದೆ. ಬೆಳ್ಳಿಯ ಮುಚ್ಚಿದ ಬಳೆಯಂಥ ಸುತ್ತಿನಲ್ಲಿ ಆ ಅಲೆ ವಿದ್ಯುತ್ ಹರಿಸಬಲ್ಲದು, ಹರಿದರೆ ಚರ್ಮ ಸುಡಬಹುದು. ಜೊತೆಗೆ ಸೊಂಟದ ಚಿತ್ರವೂ ಅಲ್ಲೇ ಹಾಳು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಸೀರೆಯ ಮಡಿಕೆಗಳಿಂದ ಒಂದೊಂದೇ ಪಿನ್ನು ಹುಡುಕಿ ಮಗಳ ಕೈಗೆ ಕೊಡುತ್ತಿದ್ದರು. ಆರು ಎಣಿಸಿದೆ. ಅವುಗಳ ಕಥೆ ಬೇರೆ; ಕಬ್ಬಿಣದ ಪಿನ್ನು ಆ ಕೋಣೆಯೊಳಗೆ ಹಾರುತ್ತದೆ. ಯಂತ್ರ ಓಡುತ್ತಿಲ್ಲವಲ್ಲ ಎಂದು ಧೈರ್ಯ ಮಾಡುವ ಹಾಗಿಲ್ಲ. ಒಳಗಿನ ನಿಯೋಬಿಯಂ-ಟೈಟಾನಿಯಂ ತಂತಿ ದ್ರವ ಹೀಲಿಯಂನ ಮೈನಸ್ 269 ಡಿಗ್ರಿ ಚಳಿಯಲ್ಲಿ ಅತಿವಾಹಕವಾಗಿರುತ್ತದೆ, ಅಂದರೆ ವಿದ್ಯುತ್ತಿಗೆ ಅಡ್ಡಿಯೇ ಇರುವುದಿಲ್ಲ. ಒಮ್ಮೆ ಹರಿಯಬಿಟ್ಟ ವಿದ್ಯುತ್ತು ಸುತ್ತುತ್ತಲೇ ಇರುತ್ತದೆ. ಬೆಸ್ಕಾಂ ಕರೆಂಟು ಹೋದರೂ ಅಯಸ್ಕಾಂತ ಮಲಗುವುದಿಲ್ಲ.

ನನ್ನನ್ನು ತೂರಿಸಿದ ಯಂತ್ರ 1.5 ಟೆಸ್ಲಾದ್ದು, ಭೂಮಿಯ ಕಾಂತಶಕ್ತಿಯ 30 ಸಾವಿರ ಪಟ್ಟಿಗೂ ಹೆಚ್ಚು. ಅದರೊಳಗೆ ಮಲಗಿದರೆ ಮೈಯ ನೀರು, ಕೊಬ್ಬುಗಳಲ್ಲಿರುವ ಹೈಡ್ರೋಜನ್ ಪ್ರೋಟಾನುಗಳು ವಾಲಿದ ಬುಗುರಿಯ ತಲೆಯಂತೆ ಸುತ್ತು ಹಾಕತೊಡಗುತ್ತವೆ, ಸೆಕೆಂಡಿಗೆ ಸುಮಾರು 6 ಕೋಟಿ 40 ಲಕ್ಷ ಸಲ. ಅಂದರೆ 64 ಮೆಗಾಹರ್ಟ್ಸ್. 3 ಟೆಸ್ಲಾ ಯಂತ್ರವಾದರೆ 128. ನಮ್ಮೂರ 101.3ರ ಎಫ್ಎಂ ರೇನ್‌ಬೋ, 102.9ರ ವಿವಿಧ ಭಾರತಿ ಎಲ್ಲ ಇವೆರಡರ ನಡುವಿನ ಓಣಿಯಲ್ಲಿವೆ. ಯಂತ್ರ ರೇಡಿಯೋ ಅಲೆಯಿಂದ ತಟ್ಟಿದಾಗ ಪ್ರೋಟಾನುಗಳೂ ರೇಡಿಯೋ ಅಲೆಯಲ್ಲೇ ದನಿಗೊಡುತ್ತವೆ. ಆ ದನಿ ಎಷ್ಟು ಕ್ಷೀಣವೆಂದರೆ ಹೊರಗಿನ ಯಾವ ಪ್ರಸಾರವೂ ನುಸುಳದಂತೆ ಕೋಣೆಗೆ ತಾಮ್ರದ ತಗಡಿನ ಕವಚ ಹೊದಿಸಿರುತ್ತಾರೆ. ಕ್ಷೀಣ ಯಾಕೆ? ಕಾಂತದ ದಿಕ್ಕಿಗೆ ನಿಲ್ಲುವ ಪ್ರೋಟಾನುಗಳು ಎದುರು ದಿಕ್ಕಿನವಕ್ಕಿಂತ ಹತ್ತು ಲಕ್ಷಕ್ಕೆ ಬರೀ ಐದರಷ್ಟು ಹೆಚ್ಚು. ಚುನಾವಣೆಯಲ್ಲಾದರೆ ಮರುಎಣಿಕೆ ಕೇಳುತ್ತಿದ್ದರು. ಆದರೆ ಒಂದು ಹನಿ ನೀರಿನಲ್ಲೇ 1ರ ಮುಂದೆ 21 ಸೊನ್ನೆ ಹಾಕುವಷ್ಟು ಪ್ರೋಟಾನುಗಳಿರುವುದರಿಂದ ಆ ಚೂರು ಬಹುಮತವೂ ಕೇಳಿಸುತ್ತದೆ.

ಯಾವ ದನಿ ಎಲ್ಲಿಂದ ಬಂತೆಂದು ತಿಳಿಯುವುದೇ ಇದರ ಜಾಣತನ. ಗಾಂಧಿ ಬಜಾರಿನ ಹೂವಿನವರೆಲ್ಲ ಒಂದೇ ಶ್ರುತಿಯಲ್ಲಿ ಕೂಗಿದರೆ ಕಣ್ಣು ಮುಚ್ಚಿದವನಿಗೆ ಯಾರು ಎಲ್ಲಿದ್ದಾರೆಂದು ಗೊತ್ತಾಗದು. ಬೀದಿಯ ಈ ತುದಿಯಿಂದ ಆ ತುದಿಗೆ ಶ್ರುತಿ ಏರುತ್ತಾ ಹೋಗಲಿ ಎಂದು ಕಟ್ಟಳೆ ಮಾಡಿದರೆ ಶ್ರುತಿಯೇ ವಿಳಾಸವಾಗುತ್ತದೆ. ಯಂತ್ರದಲ್ಲಿ ಕಾಂತಶಕ್ತಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸುವ ಸುರುಳಿಗಳಿವೆ; ಕಾಂತ ಹೆಚ್ಚಿದಲ್ಲಿ ಪ್ರೋಟಾನಿನ ಶ್ರುತಿಯೂ ಏರುತ್ತದೆ. ಮುಖ್ಯ ಅಯಸ್ಕಾಂತದ ನಡುವೆ ಅವುಗಳಿಗೆ ವಿದ್ಯುತ್ ಹಾಯಿಸಿ ನಿಲ್ಲಿಸಿದಾಗಲೆಲ್ಲ ಒದ್ದಾಡುತ್ತವೆ. ಪಕ್ಕದ ಸೈಟಿನಲ್ಲಿ ರಾತ್ರಿಯೆಲ್ಲ ಬೋರ್‌ವೆಲ್ ಕೊರೆದ ಹಾಗೆ ಕೇಳುವ ಆ ಗದ್ದಲ ಅವುಗಳದ್ದೇ. ಹೀಗೆ ಚಿತ್ರ ಕಟ್ಟುವ ದಾರಿ ತೋರಿದ್ದಕ್ಕೆ ಪಾಲ್ ಲಾಟರ್ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರ ನೊಬೆಲ್ ಸಂದಿತು.

ಬೆಂಗಳೂರಿಗೂ ಇದರಲ್ಲಿ ಒಂದು ಪಾಲಿದೆ, ನಾವು ಅದನ್ನು ಹೇಳಿಕೊಳ್ಳುವುದು ಕಡಿಮೆ. ಬಸ್ ಕಂಡಕ್ಟರ್‌ಗಳು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕೂಗುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಎಂಬ ವಿಜ್ಞಾನಿ, ಹರಿಯುವ ದ್ರವದ ಪ್ರೋಟಾನುಗಳು ನಿಂತ ದ್ರವಕ್ಕಿಂತ ಜೋರಾಗಿ ದನಿಗೊಡುವುದನ್ನು ಕಂಡು 1951ರಲ್ಲಿ ಪ್ರಕಟಿಸಿದರು. ರೇಡಿಯೋ ಅಲೆಗೆ ಸಿಕ್ಕಿ ದಣಿದವು ಮುಂದೆ ಹೋಗಿ, ದಣಿಯದವು ಅವುಗಳ ಜಾಗಕ್ಕೆ ಬರುತ್ತವಲ್ಲ, ಅದಕ್ಕೆ. ಇಂದು ಬಣ್ಣದ ಮದ್ದು ಚುಚ್ಚದೆಯೇ ಮೆದುಳಿನ ರಕ್ತನಾಳಗಳನ್ನು ಎಂಆರ್‌ಐಯಲ್ಲಿ ನೋಡುವ ಒಂದು ವಿಧಾನದ ಒಳಗುಟ್ಟು ಇದೇ.

ನನ್ನ ಸೊಂಟಕ್ಕೆ ಬೇಕಾಗಿದ್ದು ಇನ್ನೊಂದು ಉಪಾಯ. ನಮ್ಮ ವಯಸ್ಸಿನವರ ತೊಡೆಮೂಳೆಯ ಮೇಲ್ತುದಿಯ ಮಜ್ಜೆಯಲ್ಲಿ ಬಹುಪಾಲು ಕೊಬ್ಬು. ಕೊಬ್ಬೂ ಬೆಳ್ಳಗೆ ಕಂಡು, ಪೆಟ್ಟಾದಲ್ಲಿ ಒಸರಿದ ನೀರೂ ಬೆಳ್ಳಗೆ ಕಂಡರೆ ಪ್ರಯೋಜನವೇನು? ಅದಕ್ಕೆ ಮೊದಲು ಎಲ್ಲ ಪ್ರೋಟಾನುಗಳನ್ನೂ ತಲೆಕೆಳಗೆ ಮಾಡಿಬಿಡುತ್ತಾರೆ. ಕೊಬ್ಬಿನವು ಬೇಗ ಸಾವರಿಸಿಕೊಳ್ಳುತ್ತವೆ, ನೀರಿನವು ನಿಧಾನ. ಸುಮಾರು 150 ಮಿಲಿಸೆಕೆಂಡಿನ ಹೊತ್ತಿಗೆ ಕೊಬ್ಬು ಸರಿಯಾಗಿ ಸೊನ್ನೆ ದಾಟುತ್ತಿರುತ್ತದೆ. ಆ ಗಳಿಗೆಯಲ್ಲಿ ಆಲಿಸಿದರೆ ಕೊಬ್ಬು ಮೂಕ, ನೀರು ಮಾತ್ರ ಮಾತಾಡುತ್ತದೆ.

ಪರದೆಯ ಮೇಲೆ ಎಡ ತೊಡೆಮೂಳೆ ಕತ್ತಲೆಯಾಗಿತ್ತು. ಬಲದ್ದರ ಕತ್ತಿನ ಕೆಳ ಅಂಚಿನಲ್ಲಿ ಹಾಲು ಚೆಲ್ಲಿದಂಥ ಬಿಳುಪು, ಅದರ ನಡುವೆ ಕೂದಲೆಳೆಯಂಥ ಒಂದು ಕಪ್ಪು ಗೆರೆ. ಸ್ಟ್ರೆಸ್ ಫ್ರ್ಯಾಕ್ಚರ್, ಪದೇ ಪದೇ ಬಿದ್ದ ಭಾರಕ್ಕೆ ಮೂಳೆ ಬಿಟ್ಟ ಬಿರುಕು. ದಿನವೂ ಬೀಳುವ ಭಾರಕ್ಕೆ ತಕ್ಕಂತೆ ಮೂಳೆ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಆದರೆ ಹಳೆಯದನ್ನು ಕೆರೆದು ತೆಗೆಯುವ ಕೋಶಗಳು ಚುರುಕು, ಹೊಸದನ್ನು ತುಂಬುವ ಕೋಶಗಳು ನಿಧಾನ. ಈ ಊರಿನ ರಸ್ತೆ ಅಗೆತ ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ಅಗೆದು ಮುಚ್ಚದ ರಸ್ತೆಯ ಮೇಲೆ ನಾನು ದಿನಕ್ಕಿಷ್ಟು ಕಿಲೋಮೀಟರ್ ಓಡಿದ್ದೆ.

“ಕೆಳಗಡೆ ಆಗಿದೆ, ಪುಣ್ಯ ಮಾಡಿದ್ರಿ” ಎಂದರು ವೈದ್ಯರು. ಕತ್ತಿನ ಕೆಳ ಅಂಚನ್ನು ಮೈಭಾರ ಒತ್ತಿ ಹಿಡಿಯುತ್ತದೆ, ಬಿರುಕು ಚಿಕ್ಕದಿದ್ದರೆ ವಿಶ್ರಾಂತಿಯಲ್ಲೇ ಕೂಡಿಕೊಳ್ಳುತ್ತದೆ. ಮೇಲಿನ ಅಂಚು ಹಿಗ್ಗಿ ಬಾಯಿ ಬಿಡುತ್ತದೆ, ಅಲ್ಲಿ ಆಗಿದ್ದರೆ ಸಾಮಾನ್ಯವಾಗಿ ಸ್ಕ್ರೂ ಹಾಕುತ್ತಾರೆ. ಅದೇ ರಿಪೋರ್ಟಿನಲ್ಲಿ ಕೀಲಿನ ಬಟ್ಟಲಿನ ಅಂಚಿನ ಲೇಬ್ರಂ ಎಂಬ ಮೃದ್ವಸ್ಥಿಯೂ ಚೂರು ಹರಿದಿದೆ ಎಂದಿತ್ತು. ನನ್ನ ಮುಖ ನೋಡಿ ಅವರು ಅದರ ಮೇಲೆ ಪೆನ್ನಿನಿಂದ ಗೀಟು ಎಳೆದರು. 2012ರ ಒಂದು ಅಧ್ಯಯನದಲ್ಲಿ ಸೊಂಟದ ನೋವೇ ಇಲ್ಲದ 45 ಜನರ ಪೈಕಿ ಶೇ. 69 ಮಂದಿಗೆ ಅಂಥ ಹರುಕು ಕಂಡಿತ್ತು.

ಆರು ವಾರ ಊರುಗೋಲು. ಅಮ್ಮ ಎಳ್ಳೆಣ್ಣೆ ಬಿಸಿ ಮಾಡಿ ತಂದಳು. ತೊಡೆಸಂದು ಎಂದು ಕೇಳಿ ಬಟ್ಟಲನ್ನು ನನ್ನ ಕೈಗೇ ಕೊಟ್ಟು ಹೋದಳು. ಏಳನೆಯ ವಾರ ಬಲಗಾಲ ಮೇಲೆ ನಿಂತು ಪ್ಯಾಂಟು ಹಾಕಿಕೊಂಡೆ, ನೋವಿರಲಿಲ್ಲ. ವಾಸಿಯಾಗಿದೆಯಾ ನೋಡಲು ಇನ್ನೊಂದು ಎಂಆರ್‌ಐ ಮಾಡಿಸಲಾ ಎಂದು ಕೇಳಿದೆ. ಬೇಡ ಎಂದರು. ನೋವು ಹೋದ ಮೇಲೂ ಆ ಬಿಳುಪು ಎಷ್ಟೋ ತಿಂಗಳು ಚಿತ್ರದಲ್ಲಿ ಉಳಿಯಬಹುದಂತೆ. ಸುಮ್ಮನೆ ಗಾಬರಿಯಾಗುತ್ತೀರಿ ಎಂದರು. ಈಗ ಬೆಳಿಗ್ಗೆ ಲಾಲ್‌ಬಾಗ್ ಬಂಡೆಯ ಸುತ್ತ ನಡೆಯುತ್ತೇನೆ. ಉಡದಾರ ಇನ್ನೂ ಪರ್ಸಿನಲ್ಲೇ ಇದೆ.