ವಾಚಕರ ಉಸಿರು, ಓದುಗರ ಕಣ್ಣು

ಪುಸ್ತಕದ ಪಠ್ಯವೂ ಅದರ ಧ್ವನಿಮುದ್ರಣವೂ ಸಿದ್ಧವಿದ್ದರೆ ಕೇಳುತ್ತ ಓದುವ ಆ್ಯಪ್‌ನ ಕೆಲಸ ಮುಕ್ಕಾಲು ಮುಗಿದಂತೆ ಎಂದು ನಮ್ಮ ಬಳಿ ಬರುವ ಪ್ರಕಾಶಕರಲ್ಲಿ ಹಲವರು ಭಾವಿಸಿರುತ್ತಾರೆ. ದನಿ ಸಾಗಿದಂತೆ ಪರದೆಯ ಮೇಲೆ ಆಯಾ ಪದಕ್ಕೆ ಬಣ್ಣ ಬರಬೇಕು, ಪದವನ್ನು ಮುಟ್ಟಿದರೆ ದನಿ ಅಲ್ಲಿಂದಲೇ ಶುರುವಾಗಬೇಕು. ಅವರ ಅಪೇಕ್ಷೆ ಇಷ್ಟೇ, ಮತ್ತು ಅದು ನ್ಯಾಯವಾದದ್ದೇ. ಆದರೆ ಇದನ್ನು ಕನ್ನಡದಲ್ಲಿ ಓದುಗರ ಕಣ್ಣಿಗೆ ಹಿತವಾಗುವಂತೆ ಮಾಡುವುದು ಬೇರೆ ಭಾಷೆಯ ಆ್ಯಪ್ ಒಂದನ್ನು ತಂದು ಪಠ್ಯ ಬದಲಿಸಿದಷ್ಟು ಸುಲಭವಲ್ಲ ಎಂಬುದನ್ನು ಕೆಲವು ವರ್ಷಗಳ ಕೆಲಸದಲ್ಲಿ ನಾನು ಕಂಡುಕೊಂಡಿದ್ದೇನೆ.

ದನಿಯನ್ನೂ ಪಠ್ಯವನ್ನೂ ಹೊಂದಿಸಿಡುವ ವಿಧಾನವನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಅಚ್ಚಿನ ಪುಸ್ತಕ ಓದಲಾಗದವರಿಗಾಗಿ 1996ರಲ್ಲಿ ಆರಂಭವಾದ ಡೈಸಿ ಒಕ್ಕೂಟ ಇದಕ್ಕೆ ದಾರಿ ಹಾಕಿಕೊಟ್ಟಿತು. 2011ರ ಇ-ಪಬ್ 3 ಮಾದರಿಯು ಅದನ್ನು ಸಾಮಾನ್ಯ ಇ-ಪುಸ್ತಕಕ್ಕೂ ತಂದಿತು. ಪಠ್ಯದ ಪ್ರತಿಯೊಂದು ತುಣುಕಿಗೆ ಒಂದು ಗುರುತು, ಆ ಗುರುತಿನ ಎದುರು ಧ್ವನಿಕಡತದಲ್ಲಿ ಅದು ಆರಂಭವಾಗುವ ಮತ್ತು ಮುಗಿಯುವ ಕ್ಷಣ, ಇವೇ ಆ ವ್ಯವಸ್ಥೆಯ ಸಾರ. ತುಣುಕು ಎಂದರೆ ಪದವೋ ವಾಕ್ಯವೋ ಪ್ಯಾರಾವೋ ಎಂಬುದನ್ನು ಮಾದರಿಯು ನಿರ್ಧರಿಸುವುದಿಲ್ಲ, ಅದನ್ನು ನಮಗೆ ಬಿಟ್ಟಿದೆ. ಕನ್ನಡದ ಮಟ್ಟಿಗೆ ನಿಜವಾದ ತೊಡಕು ಇರುವುದು ಈ ಆಯ್ಕೆಯಲ್ಲಿಯೇ.

ಎಂಟು ಗಂಟೆಯ ಕಾದಂಬರಿಯೊಂದಕ್ಕೆ ಈ ಕ್ಷಣಗಳನ್ನು ಕೈಯಿಂದ ಗುರುತಿಸಲು ಸಾಧ್ಯವಿಲ್ಲದ ಕಾರಣ ಫೋರ್ಸ್ಡ್ ಅಲೈನ್‌ಮೆಂಟ್ ಎಂಬ ತಂತ್ರವನ್ನು ಬಳಸುತ್ತೇವೆ. ಏನು ಹೇಳಲಾಗಿದೆ ಎಂದು ಇಲ್ಲಿ ಯಂತ್ರ ಊಹಿಸಬೇಕಾಗಿಲ್ಲ. ಪಠ್ಯ ಗೊತ್ತಿರುವುದರಿಂದ ಯಾವಾಗ ಹೇಳಲಾಗಿದೆ ಎಂದು ಹುಡುಕಿದರೆ ಸಾಕು. ಈನಿಯಸ್ ಎಂಬ ಮುಕ್ತ ತಂತ್ರಾಂಶವು ಪಠ್ಯವನ್ನು ಯಂತ್ರದನಿಯಲ್ಲಿ ಓದಿಸಿ, ಆ ಓದನ್ನು ಧ್ವನಿಮುದ್ರಣಕ್ಕೆ ದನಿ ಕೊಟ್ಟ ವಾಚಕರ ಓದಿನೊಡನೆ ಹಿಗ್ಗಿಸಿ ಕುಗ್ಗಿಸಿ ಹೋಲಿಸುತ್ತದೆ. ವಾಕ್ಯದ ಮಟ್ಟಕ್ಕೆ ಅದು ಸಾಕಷ್ಟಾಗುತ್ತದೆ. ಇನ್ನೊಂದು ದಾರಿಯಲ್ಲಿ, ತರಬೇತಿ ಪಡೆದ ಧ್ವನಿಮಾದರಿಯು, ಅಂದರೆ ದನಿ ಗುರುತಿಸಲು ಕಲಿಸಿದ ತಂತ್ರಾಂಶವು, ಸುಮಾರು 20 ಮಿಲಿಸೆಕೆಂಡಿಗೊಮ್ಮೆ ಯಾವ ಅಕ್ಷರ ಕೇಳಿಬರುತ್ತಿದೆ ಎಂಬುದರ ಸಂಭವವನ್ನು ಲೆಕ್ಕಹಾಕುತ್ತದೆ. ಆ ಲೆಕ್ಕದ ಮೇಲೆ ನಮ್ಮ ಪಠ್ಯ ಸಾಗಬಹುದಾದ ಅತ್ಯಂತ ಸಮಂಜಸ ಹಾದಿಯನ್ನು ಗಣಕ ಆರಿಸುತ್ತದೆ. ಮೆಟಾ ಸಂಸ್ಥೆ 2023ರಲ್ಲಿ ಸಾವಿರಕ್ಕೂ ಹೆಚ್ಚು ಭಾಷೆಗಳಿಗೆ ಇಂಥ ಮಾದರಿಯನ್ನು ಬಿಡುಗಡೆ ಮಾಡಿತು. ಐಐಟಿ ಮದ್ರಾಸ್‌ನ ಎಐ4ಭಾರತ್ ತಂಡದ ಮಾದರಿಗಳಲ್ಲಿಯೂ ಕನ್ನಡವಿದೆ. ನಮ್ಮ ಬರಹ ಉಚ್ಚಾರಕ್ಕೆ ಬಹಳ ಹತ್ತಿರವಿರುವುದರಿಂದ ಇಂಗ್ಲಿಷಿಗೆ ಬೇಕಾಗುವಂಥ ಉಚ್ಚಾರಣಾ ಕೋಶದ ಅಗತ್ಯ ಇಲ್ಲಿ ಹೆಚ್ಚಾಗಿ ಬೀಳುವುದಿಲ್ಲ, ಇದು ನಮಗೆ ದೊಡ್ಡ ಅನುಕೂಲ.

ಅದಕ್ಕೂ ಮೊದಲು ಪಠ್ಯ ಶುದ್ಧವಾಗಬೇಕು. ಪ್ರಕಾಶಕರಿಂದ ಬರುವ ಹಳೆಯ ಡಿಟಿಪಿ ಕಡತಗಳು ಬಹುಪಾಲು, ಗಣಕದಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಇಂದಿನ ಪದ್ಧತಿಯಾದ ಯೂನಿಕೋಡ್‌ಗಿಂತ ಮುಂಚಿನ 'ನುಡಿ' ಅಥವಾ 'ಬರಹ' ಎಂಬ ಫಾಂಟುಗಳಲ್ಲಿರುತ್ತವೆ. ಅವುಗಳಲ್ಲಿ ಅರ್ಕಾವತ್ತು, ಅಂದರೆ ಅಕ್ಷರಕ್ಕೆ ಮೊದಲು ಉಚ್ಚರಿಸುವ 'ರ್' ದನಿಯ ಚಿಹ್ನೆ, ಕಣ್ಣಿಗೆ ಕಾಣುವ ಕ್ರಮದಲ್ಲಿ ಅಕ್ಷರದ ನಂತರ ಕೂತಿರುತ್ತದೆಯೇ ಹೊರತು ಉಚ್ಚಾರದ ಕ್ರಮದಲ್ಲಿ ಇರುವುದಿಲ್ಲ, ಆದ್ದರಿಂದ ಪರಿವರ್ತನೆ ಎಡವಿದ ಕಡೆಯಲ್ಲೆಲ್ಲ ಸೂರ್ಯನೂ ಅರ್ಥವೂ ಕೆಟ್ಟಿರುತ್ತವೆ. 'ಕೋ' ಎಂಬಲ್ಲಿರುವ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಚಿಹ್ನೆಗಳ ಸರಣಿಯಾಗಿಯೂ ಬರೆಯಬಹುದು. ಇಡೀ ಪಠ್ಯವನ್ನು ಒಂದೇ ರೂಪಕ್ಕೆ ತರದಿದ್ದರೆ ಹುಡುಕಾಟವೂ ಹೊಂದಾಣಿಕೆಯೂ ತಪ್ಪುತ್ತವೆ. ಇದಲ್ಲದೆ '1956' ಎಂದು ಅಚ್ಚಾಗಿದ್ದನ್ನು ವಾಚಕರು ಸಾವಿರದ ಒಂಬೈನೂರ ಐವತ್ತಾರು ಎಂದು ಓದುತ್ತಾರೆ, 'ಕಿ.ಮೀ.' ಎಂಬುದು ಕಿಲೋಮೀಟರ್ ಆಗುತ್ತದೆ, 'ಡಾ.' ನಂತರದ ಚುಕ್ಕೆಯನ್ನು ಯಂತ್ರ ವಾಕ್ಯದ ಕೊನೆ ಎಂದು ತಿಳಿಯುತ್ತದೆ. ಹಾಗಾಗಿ ಓದುಗರಿಗೆ ತೋರಿಸುವ ಪಠ್ಯ ಒಂದು, ದನಿಗೆ ಹೊಂದಿಸಲು ಬಿಡಿಸಿ ಬರೆದ ಪಠ್ಯ ಇನ್ನೊಂದು, ಇವೆರಡರ ನಡುವೆ ಕೊಂಡಿ ಎಂಬ ವ್ಯವಸ್ಥೆಯನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಸಂಧಿಯ ವಿಷಯ. 'ಅವನು ಎಲ್ಲಿ ಇದ್ದಾನೆ' ಎಂದು ಅಚ್ಚಾಗಿರುವ ವಾಕ್ಯವನ್ನು ಒಳ್ಳೆಯ ವಾಚಕರು 'ಅವನೆಲ್ಲಿದ್ದಾನೆ' ಎಂದೇ ಓದುತ್ತಾರೆ, ಹಾಗೆ ಓದಿದರೇ ಅದು ಕನ್ನಡವೆನಿಸುತ್ತದೆ. ಆದರೆ ಲೋಪವಾದ ಉಕಾರವು ಪಠ್ಯದಲ್ಲಿ ಇರುವುದರಿಂದ, ದನಿಯಲ್ಲಿ ಇಲ್ಲದ ಅದಕ್ಕೂ ಯಂತ್ರವು ಎಲ್ಲಾದರೂ ಒಂದು ಜಾಗ ಕೊಡಲೇಬೇಕು. ಪದದ ಗಡಿಯೋ 'ನೆ' ಎಂಬ ಒಂದೇ ಅಕ್ಷರದ ಹೊಟ್ಟೆಯೊಳಗೆ ಸೇರಿಕೊಂಡಿರುತ್ತದೆ. ಇನ್ನೊಂದು ಬದಿಯಲ್ಲಿ 'ಹೋಗಬೇಕಾಗಿದ್ದವರನ್ನೆಲ್ಲ' ಎಂಬಂಥ ಪದ ಒಂಟಿಯಾಗಿಯೇ ಒಂದು ಸೆಕೆಂಡನ್ನು ಮೀರುತ್ತದೆ. ಪದಪದಕ್ಕೆ ಬಣ್ಣ ಹಾಕಿದ ನಮ್ಮ ಮೊದಲ ಆವೃತ್ತಿಯಲ್ಲಿ ಬಣ್ಣವು ಉದ್ದದ ಪದದ ಮೇಲೆ ನಿಂತೇ ಇದ್ದು, ಬಳಿಕ ಮೂರು ಚಿಕ್ಕ ಪದಗಳನ್ನು ಮಿಂಚಿನಂತೆ ದಾಟಿ, ಮತ್ತೆ ನಿಲ್ಲುತ್ತಿತ್ತು. ಲೆಕ್ಕದ ಪ್ರಕಾರ ಎಲ್ಲವೂ ಸರಿಯಾಗಿತ್ತು, ಆದರೂ ಹತ್ತು ನಿಮಿಷ ಓದಿದವರಿಗೆ ಕಣ್ಣು ದಣಿಯುತ್ತಿತ್ತು.

ಆಗ ನಾವು ಪದವನ್ನು ಬಿಟ್ಟು ಉಸಿರನ್ನು ಹಿಡಿದೆವು. ವಾಚಕರು ಕಾಲು ಸೆಕೆಂಡಿನಷ್ಟಾದರೂ ನಿಲ್ಲಿಸುವ ಕಡೆ ಗಡಿ ಹಾಕಿ, ಎರಡು ನಿಲುಗಡೆಗಳ ನಡುವಿನ ಪದಗಳನ್ನು ಒಟ್ಟಾಗಿ ಬೆಳಗಿಸಿದೆವು. ಈ ಗಡಿಗಳು ಅಚ್ಚಿನ ಅಲ್ಪವಿರಾಮಗಳೊಂದಿಗೆ ಎಲ್ಲ ಕಡೆಯೂ ಹೊಂದುವುದಿಲ್ಲ, ಏಕೆಂದರೆ ಅನುಭವಿ ವಾಚಕರು ಚಿಹ್ನೆಗಿಂತ ಅರ್ಥವನ್ನು ನೋಡಿ ನಿಲ್ಲುತ್ತಾರೆ. ದನಿಯನ್ನೇ ಪ್ರಮಾಣವಾಗಿಟ್ಟುಕೊಂಡ ಮೇಲೆ ದೂರುಗಳು ಬಹಳಷ್ಟು ಕಡಿಮೆಯಾದವು. ದೊಡ್ಡವರ ಗದ್ಯಕ್ಕೆ ಇದೇ ಸರಿಯಾದ ಘಟಕ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾವ್ಯಕ್ಕೆ ಬಂದರೆ ಸಾಲನ್ನು ಘಟಕವಾಗಿಟ್ಟುಕೊಳ್ಳುವುದು ಸಹಜವೆಂದು ಯಾರಿಗಾದರೂ ತೋರುತ್ತದೆ. ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲಿ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಮೂರು ನಾಲ್ಕು ಮಾತ್ರೆಗಳ ಗಣಗಳು ಸಾಲನ್ನು ನಿರ್ಧರಿಸುತ್ತವೆ, ಮತ್ತು ಪದವೊಂದು ಒಂದು ಸಾಲಿನಲ್ಲಿ ಆರಂಭವಾಗಿ ಮುಂದಿನ ಸಾಲಿನಲ್ಲಿ ಮುಗಿಯುವುದು ತೀರ ಸಾಮಾನ್ಯ. ಕಾವ್ಯವನ್ನು ರಾಗವಾಗಿ ವಾಚಿಸುವ ಗಮಕಿಗಳು ಅರ್ಥ ತಿಳಿಯುವಂತೆ ಪದಗಳನ್ನು ಬಿಡಿಸಿ ವಾಚಿಸುತ್ತಾರೆ, ಒಂದು ಪಾದವನ್ನು ಮರಳಿ ಹಾಡುತ್ತಾರೆ, ನಡುವೆ ವ್ಯಾಖ್ಯಾನಕಾರರ ಮಾತು ಬರುತ್ತದೆ. ಪಠ್ಯ ಒಂದು ಸಲ, ದನಿ ಎರಡು ಮೂರು ಸಲ! ಆದಿಯಿಂದ ಅಂತ್ಯಕ್ಕೆ ಒಂದೇ ದಿಕ್ಕಿನಲ್ಲಿ ಸಾಗುವ ಹೊಂದಾಣಿಕೆ ಇಲ್ಲಿ ಕುಸಿಯುತ್ತದೆ. ಆದ್ದರಿಂದ ಪಠ್ಯದ ಒಂದು ತುಣುಕಿಗೆ ಹಲವು ಕಾಲಾವಧಿಗಳನ್ನು ಜೋಡಿಸಲು ದತ್ತಾಂಶದಲ್ಲಿ ಅವಕಾಶವಿರಬೇಕು, ಮತ್ತು ಗಮಕದ ಮಟ್ಟಿಗೆ ಈ ಜೋಡಣೆಯನ್ನು ನಾವು ಇಂದಿಗೂ ಛಂದಸ್ಸು ಬಲ್ಲವರನ್ನು ಕೂರಿಸಿಕೊಂಡು ಕೈಯಿಂದಲೇ ಮಾಡುತ್ತೇವೆ.

ಪದಮಟ್ಟದ ಬಣ್ಣ ನಿಜವಾಗಿ ಬೇಕಾಗುವುದು ಓದು ಕಲಿಯುತ್ತಿರುವವರಿಗೆ. ಅಹಮದಾಬಾದಿನ ಐಐಎಂನಲ್ಲಿ ಬ್ರಿಜ್ ಕೊಠಾರಿ ಅವರು 1996ರಲ್ಲಿ ಆರಂಭಿಸಿದ ಕೆಲಸ ಇದೇ ತತ್ತ್ವದ್ದು: ಟಿವಿಯ ಚಿತ್ರಗೀತೆಗಳ ಕೆಳಗೆ ಅದೇ ಭಾಷೆಯ ಸಾಹಿತ್ಯ, ಹಾಡಿದಂತೆ ಬಣ್ಣ ಬದಲಿಸುವ ಪದಗಳು, ಹಾಡು ಕೇಳುವ ಸುಖದ ಜೊತೆಗೇ ಓದಿನ ಅಭ್ಯಾಸ. ಮನೆಯಲ್ಲಿ ಕನ್ನಡ ಮಾತನಾಡುತ್ತ ಹೊರನಾಡಿನಲ್ಲಿ ಬೆಳೆಯುವ ಮಕ್ಕಳು ಹೆಚ್ಚುಕಡಿಮೆ ಇದೇ ಸ್ಥಿತಿಯಲ್ಲಿದ್ದಾರೆ, ಅವರಿಗೆ ಮಾತು ತಿಳಿಯುತ್ತದೆ, ಲಿಪಿ ತಿಳಿಯುವುದಿಲ್ಲ. ಅವರಿಗಾಗಿ ಪದದ ಕಾಲಸೂಚಿಯನ್ನೂ ಕಡತದಲ್ಲಿ ಉಳಿಸಿಕೊಂಡು, ಪದಗಳನ್ನು ಬಿಡಿಬಿಡಿಯಾಗಿ ಓದಿದ ಪ್ರತ್ಯೇಕ ಧ್ವನಿಮುದ್ರಣವನ್ನು ಬಳಸುತ್ತೇವೆ. ಮಾಮೂಲಿ ದನಿಯನ್ನೇ ನಿಧಾನಗೊಳಿಸಿದರೆ ಸಂಧಿಯಾದ ಪದಗಳು ಬಿಡಿಸಿಕೊಳ್ಳುವುದಿಲ್ಲ.

ಪರದೆಯ ಬಗ್ಗೆ ಕೆಲವು ಮಾತು. ಸಾಗುತ್ತಿರುವ ಪದವನ್ನು ದಪ್ಪಕ್ಷರ ಮಾಡಿದರೆ ಅದರ ಅಗಲ ಹೆಚ್ಚಿ ಸಾಲುಗಳು ಜಿಗಿಯುತ್ತವೆ, ಹಿನ್ನೆಲೆಯ ಬಣ್ಣ ಮಾತ್ರ ಬದಲಿಸಬೇಕು. ಆ ಬಣ್ಣದ ಪಟ್ಟಿ 'ರಾಷ್ಟ್ರ', 'ಸ್ತ್ರೀ' ಮುಂತಾದ ಪದಗಳ ಕೆಳಗಿನ ಒತ್ತುಗಳನ್ನೂ ಒಳಗೊಳ್ಳುವಷ್ಟು ಎತ್ತರವಿರಬೇಕು. ಪದವನ್ನು ಇಷ್ಟನೆಯ ಅಕ್ಷರದಿಂದ ಎಂದು ಸಂಖ್ಯೆಯಲ್ಲಿ ಗುರುತಿಸುವುದೂ ಅಪಾಯಕರ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ 'ಸ್ತ್ರೀ'ಯನ್ನು ಆರು ಸಂಕೇತಗಳೆಂದು ಎಣಿಸಿದರೆ ಐಫೋನಿನ ಸ್ವಿಫ್ಟ್ ಭಾಷೆ ಸಂಕೇತಗಳ ಗುಂಪುಗಳನ್ನು ಎಣಿಸುತ್ತದೆ; ಒಂದರ ಎಣಿಕೆಯನ್ನು ಇನ್ನೊಂದರಲ್ಲಿ ಬಳಸಿದರೆ ಒತ್ತಕ್ಷರ ಬಂದಂತೆಲ್ಲ ಬಣ್ಣ ತುಸು ತುಸುವೇ ಸರಿದು ಅಧ್ಯಾಯದ ಕೊನೆಗೆ ಬೇರೆ ಸಾಲಿನಲ್ಲಿ ಇರುತ್ತದೆ. ಬ್ಲೂಟೂತ್ ಇಯರ್‌ಫೋನಿನಲ್ಲಿ ದನಿ ತಡವಾಗಿ ಕಿವಿಗೆ ಬೀಳುವುದರಿಂದ ಆ ಅಂತರವನ್ನು ಓದುಗರೇ ಸರಿಪಡಿಸಿಕೊಳ್ಳುವ ಸೌಲಭ್ಯ ಬೇಕು.

ಹಕ್ಕಿನ ವಿಷಯದಲ್ಲಿ ಎಚ್ಚರ ಅಗತ್ಯ. ಭಾರತದಲ್ಲಿ ಕೃತಿಯ ಹಕ್ಕು ಲೇಖಕರ ಮರಣಾನಂತರ 60 ವರ್ಷ ಇರುತ್ತದೆ, ಧ್ವನಿಮುದ್ರಣದ ಹಕ್ಕು ಅದರಿಂದ ಬೇರೆಯಾದದ್ದು. ಆಡಿಯೋ ಪುಸ್ತಕಕ್ಕೆ ಪಡೆದ ಅನುಮತಿಯಲ್ಲಿ ಪಠ್ಯ ತೋರಿಸುವ ಅನುಮತಿಯೂ ಸೇರಿದೆ ಎಂದು ಭಾವಿಸಬಾರದು, ಒಪ್ಪಂದದಲ್ಲಿ ಎರಡನ್ನೂ ಹೆಸರಿಸಿ ಬರೆಸಿಕೊಳ್ಳಬೇಕು.

ಎಲ್ಲ ಮುಗಿದ ಮೇಲೆ, ಯಂತ್ರಕ್ಕೆ ಕಡಿಮೆ ಭರವಸೆಯಿರುವ ಜಾಗಗಳ ಪಟ್ಟಿಯನ್ನು ಹಿಡಿದು ಒಬ್ಬರು ಕೇಳುತ್ತ ಓದುತ್ತಾರೆ. ಅಲ್ಲಿ ಸಿಗುವುದು ಸಾಮಾನ್ಯವಾಗಿ ವಾಚಕರು ಕಣ್ತಪ್ಪಿ ಬಿಟ್ಟ ಸಾಲು, ಅಥವಾ ಅವರ ಕೈಯಲ್ಲಿದ್ದ ಹಳೆಯ ಮುದ್ರಣದಲ್ಲಿ ಮಾತ್ರ ಇದ್ದ ಒಂದು ಪದ. ಅಂಥ ಕಡೆ ದನಿಗೆ ಹೊಂದುವಂತೆ ಲೇಖಕರ ಪಠ್ಯವನ್ನು ನಾವು ತಿದ್ದುವುದಿಲ್ಲ. ಆ ಸಾಲು ಬಣ್ಣವಿಲ್ಲದೆ ಉಳಿಯುತ್ತದೆ, ದನಿ ಮುಂದಿನ ಸಾಲನ್ನು ತಲುಪಿದಾಗ ಬಣ್ಣ ಅಲ್ಲಿಂದ ಮತ್ತೆ ಜೊತೆಯಾಗುತ್ತದೆ.