ಎರಡು ಚೀಟಿ, ಎರಡು ಹೆಸರು: ‘ದಿ ಡ್ರೈ’ ಕಾದಂಬರಿಯ ಓದಿನ ಟಿಪ್ಪಣಿ

ಮೊದಲೇ ಹೇಳಿಬಿಡುತ್ತೇನೆ, ಈ ಟಿಪ್ಪಣಿಯಲ್ಲಿ ಕೊಲೆಗಾರನ ಹೆಸರಿದೆ. ಕಾದಂಬರಿ ಓದಿಲ್ಲದವರು ಇಲ್ಲೇ ನಿಲ್ಲಿಸಿ, ಓದಿ ಮುಗಿಸಿ ಬನ್ನಿ. ನಾನು ಏನೂ ಗೊತ್ತಿಲ್ಲದೆ ಓದಿದೆ, ಅಚ್ಚುಕಟ್ಟಾಗಿ ಮೋಸ ಹೋದೆ. ಅದೂ ಒಂದೇ ಒಂದು ಪದದಲ್ಲಿ. ಆ ಸಿಟ್ಟು ಆರುವ ಮೊದಲು ಬರೆದಿಡುತ್ತಿದ್ದೇನೆ.

ಪುಸ್ತಕದ ವಿವರ ಚುಟುಕಾಗಿ. ಬರೆದವರು ಜೇನ್ ಹಾರ್ಪರ್. ಹುಟ್ಟಿದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ, ಆಮೇಲೆ ಆಸ್ಟ್ರೇಲಿಯಾದಲ್ಲಿ ಪತ್ರಕರ್ತೆಯಾಗಿದ್ದರು. ಇದು ಅವರ ಮೊದಲ ಕಾದಂಬರಿ, 2016ರಲ್ಲಿ ಬಂತು. ಮರುವರ್ಷ ಬ್ರಿಟನ್ನಿನ ಗೋಲ್ಡ್ ಡ್ಯಾಗರ್ ಪ್ರಶಸ್ತಿ ಪಡೆಯಿತು. 2021ರಲ್ಲಿ ಎರಿಕ್ ಬಾನಾ ನಟಿಸಿದ ಸಿನಿಮಾ ಆಯಿತು. ಸಿನಿಮಾ ನೋಡಿದರೆ ಸಾಕು ಅಂದುಕೊಂಡವರಿಗೆ ಒಂದು ಮಾತು: ನಾನು ಕೆಳಗೆ ಹೇಳುವ ಮಜಾ ಪುಟದ ಮೇಲೆಯೇ ಜಾಸ್ತಿ.

ಕತೆ, ಬೇಗ ಬೇಗ

ಏರನ್ ಫಾಕ್ ಮೆಲ್ಬರ್ನಿನಲ್ಲಿ ಫೆಡರಲ್ ಪೊಲೀಸ್. ಹಣಕಾಸಿನ ಅಪರಾಧ ನೋಡುವವನು. ಅಂದರೆ ಕೊಲೆ, ರಕ್ತ, ಬಂದೂಕು ಇವನ ದಿನನಿತ್ಯದ ಕೆಲಸ ಅಲ್ಲ. ಲೆಕ್ಕಪತ್ರ ಕೆದಕುವುದು ಇವನ ಕೆಲಸ. ಈ ಸಾಲಿಗೆ ಪೆನ್ಸಿಲ್ ಗೆರೆ ಹಾಕಿಕೊಳ್ಳಿ. ನಾನು ಹಾಕಿಕೊಂಡಿರಲಿಲ್ಲ.

ಅವನ ಊರು ಕಿವಾರಾ. ಕಲ್ಪನೆಯ ಊರು, ಕೃಷಿಯನ್ನೇ ನಂಬಿದ್ದು, ಎರಡು ವರ್ಷದಿಂದ ಮಳೆ ಕಂಡಿಲ್ಲ. ಅಲ್ಲಿ ಅವನ ಬಾಲ್ಯದ ಗೆಳೆಯ ಲ್ಯೂಕ್ ಹೆಂಡತಿ ಕ್ಯಾರನ್ ಮತ್ತು ಮಗ ಬಿಲ್ಲಿಯನ್ನು ಗುಂಡಿಟ್ಟು ಕೊಂದು, ತಾನೂ ಸತ್ತ ಅಂತ ಸುದ್ದಿ. ಹಸುಗೂಸು ಷಾರ್ಲೆಟ್ ಮಾತ್ರ ಉಳಿದಿದೆ. ಲ್ಯೂಕ್‌ನ ಅಪ್ಪ ಜೆರಿ ಫಾಕ್‌ಗೆ ಒಂದು ಪತ್ರ ಕಳಿಸುತ್ತಾನೆ. ಅದರ ಸಾರ ಇಷ್ಟು: ಲ್ಯೂಕ್ ಸುಳ್ಳು ಹೇಳಿದ, ನೀನೂ ಹೇಳಿದೆ, ಮಣ್ಣಿಗೆ ಬಾ. ಬರದೆ ಇರೋಕೆ ಆಗುತ್ತಾ?

ಯಾವ ಸುಳ್ಳು? ಅದು 20 ವರ್ಷ ಹಿಂದಿನದು. ‘ಎಲ್ಲಿ ಡೀಕನ್’ ಅನ್ನುವ ಇವರ ಗೆಳತಿ ನದಿಯಲ್ಲಿ ಸತ್ತಿದ್ದಳು. ಆಗ ಇವರಿಗೆಲ್ಲ ಹದಿನಾರರ ವಯಸ್ಸು. ಆವತ್ತು ನಾವಿಬ್ಬರೂ ಒಟ್ಟಿಗೇ ಮೊಲ ಹೊಡೆಯಲು ಹೋಗಿದ್ದೆವು ಅಂತ ಲ್ಯೂಕ್ ಮತ್ತು ಫಾಕ್ ಹೇಳಿಕೊಂಡರು. ಹೋಗಿರಲಿಲ್ಲ. ಆದರೂ ಊರಿನ ಅನುಮಾನ ಫಾಕ್ ಮೇಲೆ, ಅವನ ಅಪ್ಪ ಎರಿಕ್ ಮೇಲೆ ಬಿತ್ತು. ಅಪ್ಪ ಮಗ ಊರು ಬಿಟ್ಟರು.

(ಹೆಸರಿನ ಗೊಂದಲಕ್ಕೆ ನನ್ನ ಉಪಾಯ: ‘ಎಲ್ಲಿ’ ಅಂತ ಬರೆದರೆ ನಮಗೆ ಪ್ರಶ್ನೆಯ ಥರ ಕಾಣುತ್ತದೆ. ಅದಕ್ಕೆ ನನ್ನ ನೋಟ್ಸಿನಲ್ಲಿ ಎಲ್ಲ ಕಡೆ ‘ನದಿ ಹುಡುಗಿ’ ಅಂತ ಬರೆದುಕೊಂಡೆ.)

ಮೊದಲು ಬಿಡಿಸಿಕೊಳ್ಳಬೇಕಾದ ಗಂಟು

ಎರಡು ಸಾವು, ಎರಡು ಕಾಲ. ಓದುತ್ತಾ ಹೋದ ಹಾಗೆ ಎರಡಕ್ಕೂ ಒಬ್ಬನೇ ಕಾರಣ ಅನ್ನಿಸುತ್ತದೆ. ಅಲ್ಲ. ನದಿ ಹುಡುಗಿಯನ್ನು ಕೊಂದವನು ಅವಳ ಅಪ್ಪ ಮ್ಯಾಲ್ ಡೀಕನ್. ಲ್ಯೂಕ್ ಕುಟುಂಬವನ್ನು ಕೊಂದವನು ಶಾಲೆಯ ಹೆಡ್ ಮಾಸ್ತರ ಸ್ಕಾಟ್ ವಿಟ್ಲಮ್. ನದಿ ಹುಡುಗಿ ಸತ್ತಾಗ ವಿಟ್ಲಮ್ ಆ ಊರಿನಲ್ಲೇ ಇರಲಿಲ್ಲ. ಎರಡು ಅಪರಾಧಗಳನ್ನು ಜೋಡಿಸುವುದು ಓದುಗರ ತಲೆ, ಊರಿನ ಬಾಯಿ ಮತ್ತು ಫಾಕ್‌ನ ಪಾಪಪ್ರಜ್ಞೆ. ಇಷ್ಟು ಗೊತ್ತಿದ್ದರೆ ಸಾಕು, ಮುಂದೆ ಹೋಗೋಣ.

ಗ್ರಾಂಟ್

ಇಲ್ಲೇ ನಾನು ಬಿದ್ದದ್ದು. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಸತ್ತ ಕ್ಯಾರನ್‌ಗೆ ಸೇರಿದ ಒಂದು ರಸೀದಿ ಸಿಗುತ್ತದೆ. ಹಿಂದುಗಡೆ ಅವಳ ಕೈಬರಹ. ಒಂದು ಪದ, ‘ಗ್ರಾಂಟ್’, ಪಕ್ಕದಲ್ಲಿ ಪ್ರಶ್ನೆ ಚಿಹ್ನೆ. ಜೊತೆಗೆ ಫಾಕ್‌ನ ಫೋನ್ ನಂಬರ್.

ಊರಿನಲ್ಲಿ ಗ್ರಾಂಟ್ ಡೌ ಅನ್ನುವ ಒರಟ ಇದ್ದಾನೆ. ಮ್ಯಾಲ್ ಡೀಕನ್‌ನ ಸಂಬಂಧಿ. ಫಾಕ್ ಬಂದ ದಿನದಿಂದ ಅವನಿಗೆ ಕಾಟ ಕೊಡುತ್ತಿರುವವನು. ಸರಿ, ಕ್ಯಾರನ್ ಇವನಿಗೇ ಹೆದರಿದ್ದಳು ಅಂತ ಫಾಕ್ ಅಂದುಕೊಂಡ. ಸ್ಥಳೀಯ ಪೊಲೀಸ್ ಸಾರ್ಜೆಂಟ್ ರಾಕೋ ಅಂದುಕೊಂಡ. ನಾನೂ ಅಂದುಕೊಂಡೆ, ಪುಟದ ಅಂಚಿನಲ್ಲಿ ‘ಸಿಕ್ಕಿಬಿದ್ದ!’ ಅಂತ ಬೇರೆ ಬರೆದೆ.

ಆದರೆ ಕ್ಯಾರನ್ ಬರೆದದ್ದು ಮನುಷ್ಯನ ಹೆಸರಲ್ಲ. ಅವಳು ಶಾಲೆಯಲ್ಲಿ ಲೆಕ್ಕ ನೋಡುತ್ತಿದ್ದಳು. ಶಾಲೆಗೆ ಒಂದು ಟ್ರಸ್ಟಿನಿಂದ ಗ್ರಾಂಟ್ ಬಂದಿತ್ತು, ಅಂದರೆ ಅನುದಾನ. ಜೂಜಿನ ಸಾಲದಲ್ಲಿ ಮುಳುಗಿದ್ದ ವಿಟ್ಲಮ್ ಅದನ್ನು ನುಂಗಿದ್ದ. ಕ್ಯಾರನ್‌ಗೆ ಅದು ಗೊತ್ತಾಯಿತು. ಅದಕ್ಕೇ ಕೊಲೆ. ಗಂಡನ ಮೇಲೆ ಹಾಕಿದರೆ ಕೇಸು ಅಲ್ಲಿಗೇ ಮುಗಿಯುತ್ತದೆ ಅನ್ನುವುದು ಅವನ ಲೆಕ್ಕ.

ಈಗ ಪ್ರಶ್ನೆ: ಇಷ್ಟು ಸರಳವಾದ ಪದ ಇಂಗ್ಲಿಷ್ ಓದುಗರಿಗೂ ಯಾಕೆ ಹೊಳೆಯಲಿಲ್ಲ? ಇಂಗ್ಲಿಷಿನಲ್ಲಿ ಹೆಸರಿಗೆ ದೊಡ್ಡ ಅಕ್ಷರ ಇರುತ್ತದೆ, ವಸ್ತುವಿಗೆ ಇರುವುದಿಲ್ಲ. ಆದರೆ ಸಾಲಿನ ಮೊದಲ ಪದಕ್ಕೆ ಹೇಗೂ ದೊಡ್ಡ ಅಕ್ಷರವೇ. ಇನ್ನೊಂದು ಗುರುತು, ವಸ್ತುವಿನ ಹಿಂದೆ ಬರುವ ‘ದಿ’. ಕಾದಂಬರಿಯ ಹೆಸರಿನಲ್ಲೇ ಅದು ಇದೆ ನೋಡಿ. ಆದರೆ ರಸೀದಿ ಹಿಂದೆ ಗಡಿಬಿಡಿಯಲ್ಲಿ ಗೀಚುವಾಗ ಯಾರು ‘ದಿ’ ಬರೆಯುತ್ತಾರೆ? ಹೀಗೆ ಎರಡೂ ಗುರುತು ಸಹಜವಾಗಿಯೇ ಮಾಯ. ಲೇಖಕಿ ಮೋಸ ಮಾಡಿಲ್ಲ. ಚೀಟಿ ಹೇಗಿರುತ್ತದೋ ಹಾಗೇ ಬರೆದಿದ್ದಾರೆ.

ಇದನ್ನು ಕನ್ನಡಕ್ಕೆ ತಂದರೆ ಏನಾಗುತ್ತದೆ ಅಂತ ಒಂದು ಸಂಜೆ ಪೂರ್ತಿ ಕೂತು ನೋಡಿದೆ. ನನಗೆ ವಿಷಯ ತಲೆಗೆ ಇಳಿದದ್ದು ಆಗಲೇ. ನಮ್ಮಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರದ ಗೋಜಿಲ್ಲ. ಹಾಗಾದರೆ ಇನ್ನೂ ಸುಲಭ ಅನ್ನಿಸಿತು. ಆದರೆ ನಮ್ಮ ಕ್ರಿಯಾಪದ ಚಾಡಿಕೋರ. ‘ಗ್ರಾಂಟ್ ಬಂದನಾ?’ ಅಂದರೆ ಆಳು. ‘ಗ್ರಾಂಟ್ ಬಂತಾ?’ ಅಂದರೆ ದುಡ್ಡು. ‘ಎಲ್ಲಿದ್ದಾನೆ’ ಅಂದರೆ ಒಬ್ಬ, ‘ಎಲ್ಲಿದೆ’ ಅಂದರೆ ಇನ್ನೊಂದು. ವಿಭಕ್ತಿಯೂ ಬಾಯಿ ಬಿಡುತ್ತದೆ. ‘ಗ್ರಾಂಟ್‌ನನ್ನು ಕೇಳಬೇಕು’ ಮತ್ತು ‘ಗ್ರಾಂಟನ್ನು ಕೇಳಬೇಕು’, ಒಂದು ‘ನ’ಕಾರದಲ್ಲಿ ಇಡೀ ಕಾದಂಬರಿ ಬಯಲು. ಕ್ಯಾರನ್ ಕನ್ನಡದಲ್ಲಿ ಒಂದು ಪೂರ್ತಿ ವಾಕ್ಯ ಬರೆದಿದ್ದರೆ ವಿಟ್ಲಮ್ ಅವತ್ತೇ ಜೈಲಿಗೆ ಹೋಗುತ್ತಿದ್ದ.

ಹಾಗಾಗಿ ಈ ಸುಳಿವು ನಿಂತಿರುವುದು ಪದದ ಎರಡರ್ಥದ ಮೇಲೆ ಮಾತ್ರ ಅಲ್ಲ, ವಾಕ್ಯ ಇಲ್ಲದಿರುವುದರ ಮೇಲೆ. ಒಂಟಿ ಪದ, ಹಿಂದೆ ಮುಂದೆ ಏನೂ ಇಲ್ಲ. ಅನುವಾದ ಮಾಡುವವರು ‘ಅನುದಾನ’ ಅಂತ ಹಾಕಿದರೆ ಸುಳಿವು ಸತ್ತಿತು. ‘ಗ್ರಾಂಟ್’ ಅಂತಲೇ ಬಿಟ್ಟರೆ ಬದುಕುತ್ತದೆ, ಯಾಕೆಂದರೆ ನಮ್ಮ ಶಾಲೆಗಳಲ್ಲೂ ಅದೇ ಪದ ಓಡಾಡುತ್ತದೆ. ‘ಆ ಹೈಸ್ಕೂಲು ಗ್ರಾಂಟಿಗೆ ಬಂತು’ ಅನ್ನುವ ಮಾತು ಕೇಳಿಲ್ಲದವರು ಕಡಿಮೆ.

ಚೀಟಿಯ ಉಳಿದರ್ಧ

ಪದದ ಮೇಲೆ ಎಲ್ಲರ ಕಣ್ಣು. ನಂಬರಿನ ಮೇಲೆ? ಗಂಡನ ಹಳೆಯ ಗೆಳೆಯನ ಫೋನ್ ನಂಬರನ್ನು ಕ್ಯಾರನ್ ಯಾಕೆ ಬರೆದುಕೊಂಡಳು? ಊರಿನ ಒರಟನ ಕಾಟ ತಡೆಯಲು ಮೆಲ್ಬರ್ನಿನ ಪೊಲೀಸ್ ಯಾಕೆ ಬೇಕು? ಠಾಣೆ ಊರಿನಲ್ಲೇ ಇದೆ, ಅಲ್ವಾ? ಬೇಕಾದದ್ದು ಹಣದ ಕಳ್ಳತನ ಗೊತ್ತಿರುವ ಪೊಲೀಸ್. ಪದ ಮತ್ತು ನಂಬರ್ ಸೇರಿ ಒಂದೇ ವಾಕ್ಯ. ಮೇಲೆ ಗೆರೆ ಹಾಕಿಸಿದ್ದು ಇದಕ್ಕೇ.

ಆಫೀಸಿನಲ್ಲಿ ಇದೇ ಚೀಟಿ ಮೇಜಿನ ಮೇಲೆ ಬಂದಿದ್ದರೆ ಫಾಕ್ ಅರೆಕ್ಷಣದಲ್ಲಿ ಓದುತ್ತಿದ್ದ ಅಂತ ನನ್ನ ನಂಬಿಕೆ. ಊರಿನಲ್ಲಿ ಅವನು ಅಧಿಕಾರಿ ಅಲ್ಲ, ಎರಿಕ್‌ನ ಮಗ. ಅಲ್ಲಿ ಅವನಿಗೆ ತನಿಖೆ ಮಾಡುವ ಅಧಿಕಾರವೂ ಇಲ್ಲ. ಕಾರಿನ ಮೇಲೆ ಊರವರು ಗೀಚಿದ ಬೈಗುಳ ನೋಡಿಕೊಂಡು ಓಡಾಡುವವನಿಗೆ ‘ಗ್ರಾಂಟ್’ ಅಂದರೆ ತನ್ನನ್ನು ಹೊಡೆಯಲು ಬರುವವನೇ ಕಾಣುತ್ತಾನೆ. ಊರಿಗೆ ಮರಳಿದ ಪತ್ತೇದಾರನಿಗೆ ಸ್ಥಳದ ಪರಿಚಯ ಅನುಕೂಲ ಅಂತ ನಾವು ಸಾಮಾನ್ಯವಾಗಿ ಬರೆಯುತ್ತೇವೆ. ಇಲ್ಲಿ ಅದು ಉಲ್ಟಾ. ಪರಿಚಯವೇ ಕಣ್ಣಿಗೆ ಕಟ್ಟಿದ ಬಟ್ಟೆ.

ಇನ್ನೊಂದು ಚೀಟಿ ನೆನಪಿಸಿಕೊಳ್ಳಿ. 20 ವರ್ಷ ಹಿಂದೆ ನದಿ ಹುಡುಗಿಯ ಬಳಿಯೂ ಒಂದು ಕಾಗದ ಸಿಕ್ಕಿತ್ತು. ಅದರಲ್ಲಿ ಇದ್ದದ್ದು ‘ಫಾಕ್’ ಅನ್ನುವ ಹೆಸರು. ಅಪ್ಪನೋ ಮಗನೋ? ಊರು ಇಬ್ಬರನ್ನೂ ಓಡಿಸಿತು. ಒಂಟಿ ಪದವನ್ನು ಊರು ತನಗೆ ಬೇಕಾದ ಹಾಗೆ ಓದಿದ್ದರಿಂದ ಬಾಳು ಕೆಟ್ಟವನು, ಅದೇ ಊರಿನಲ್ಲಿ ಇನ್ನೊಂದು ಒಂಟಿ ಪದವನ್ನು ಅದೇ ರೀತಿ ಓದುತ್ತಾನೆ. ಎರಡನೇ ಸಲ ಓದುವಾಗ ಇದು ಕಂಡು ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತೆ.

ಉಳಿದ ಸುಳಿವುಗಳು

ಇವು ನನಗೆ ಕಷ್ಟ ಆಗಲಿಲ್ಲ, ಅದಕ್ಕೆ ಎರಡೇ ಮಾತು. ಕೊಲೆಗೆ ಬಳಸಿದ ತೋಟಾ ರೆಮಿಂಗ್ಟನ್ ಕಂಪನಿಯದು, ಲ್ಯೂಕ್ ಬಳಿ ಇದ್ದದ್ದು ವಿಂಚೆಸ್ಟರ್ ಕಂಪನಿಯದು. ಮಗುವನ್ನು ಬಿಟ್ಟದ್ದು ಕರುಣೆಯಿಂದ ಅಲ್ಲ. ಮಾತು ಬಾರದ ಮಗು ಸಾಕ್ಷಿ ಹೇಳಲಾರದು.

ಬರ ಸುಮ್ನೆ ಹಿನ್ನೆಲೆ ಅಲ್ಲ

‘ಬರಗಾಲದ ವಾತಾವರಣ ಚೆನ್ನಾಗಿ ಮೂಡಿದೆ’ ಅಂತ ಒಂದು ಸಾಲು ಬರೆದು ಕೈ ತೊಳೆದುಕೊಳ್ಳಬೇಡಿ. ಮಳೆ ಇಲ್ಲದ್ದು ಕತೆಯಲ್ಲಿ ಕೂಲಿ ಮಾಡುತ್ತದೆ. ರೈತ ಸಾಲದಲ್ಲಿದ್ದಾನೆ, ಹೆಂಡತಿ ಮಗನನ್ನು ಕೊಂದು ತಾನೂ ಸತ್ತ ಅಂದರೆ ಬರದ ಊರು ತಕ್ಷಣ ನಂಬುತ್ತದೆ. ಕೊಲೆಗಾರನಿಗೆ ಇದಕ್ಕಿಂತ ಒಳ್ಳೆಯ ಮುಸುಕು ಬೇಕಾ? ಆ ಹುಡುಗಿ ಮುಳುಗಿದ ನದಿಯನ್ನು ನೋಡಲು ಫಾಕ್ ಹೋದರೆ ಅಲ್ಲಿ ನೀರೇ ಇಲ್ಲ, ಬರಿಯ ನದಿಪಾತ್ರ. ಕೊನೆಗೆ ಒಣ ಪೊದೆಗಾಡಿನಲ್ಲಿ ವಿಟ್ಲಮ್ ಕೈಗೆ ಲೈಟರ್ ತೆಗೆದುಕೊಂಡಾಗ ಅದು ಬಂದೂಕಿಗಿಂತ ಭಯ ಹುಟ್ಟಿಸುತ್ತದೆ. ಒಂದು ಕಿಡಿಗೆ ಊರೇ ಹೋಗುತ್ತದೆ. ಬಯಲುಸೀಮೆಯಿಂದ ಬಂದ ನನಗೆ ಈ ಭಾಗ ಯಾರೂ ವಿವರಿಸಬೇಕಾಗಲಿಲ್ಲ.

ಓರೆ ಅಕ್ಷರಗಳು

ನಡುನಡುವೆ ಓರೆ ಅಕ್ಷರದಲ್ಲಿ ಹಳೆಯ ಘಟನೆಗಳು ಬರುತ್ತವೆ. ಇದು ಫಾಕ್‌ನ ನೆನಪು ಅಂತ ನಾನು ಮೊದಲು ಬರೆದುಕೊಂಡಿದ್ದೆ. ತಪ್ಪು. ಫಾಕ್ ಇಲ್ಲದ ಜಾಗದಲ್ಲಿ ನಡೆದದ್ದೂ ಅಲ್ಲಿ ಬರುತ್ತದೆ, ಅವನಿಗೆ ಎಂದೂ ಗೊತ್ತಾಗದ ವಿಷಯವೂ ಬರುತ್ತದೆ. ಅಂದರೆ ಅದನ್ನು ಹೇಳುತ್ತಿರುವುದು ನಿರೂಪಕಿ, ಅದೂ ಓದುಗರಿಗೆ ಮಾತ್ರ. ಕೆಲವರಿಗೆ ಇದು ಕಳ್ಳಾಟ ಅನ್ನಿಸಿದೆ: ಪತ್ತೇದಾರ ಕಂಡುಹಿಡಿಯಬೇಕಾದ್ದನ್ನು ಲೇಖಕಿಯೇ ಹೇಳಿಬಿಟ್ಟರೆ ಪತ್ತೇದಾರಿಕೆ ಎಲ್ಲಿ ಉಳಿಯಿತು? ನನಗೂ ಅರ್ಧ ಹಾಗೇ ಅನ್ನಿಸುತ್ತದೆ. ‘ಗ್ರಾಂಟ್’ ಚೀಟಿಯಷ್ಟು ನೇರವಾದ ಆಟ ಆಡಬಲ್ಲವರಿಗೆ ಈ ಅಡ್ಡದಾರಿ ಬೇಕಿರಲಿಲ್ಲ.

ಒಂದು ಪರೀಕ್ಷೆ

ನನ್ನ ಚಿಕ್ಕಮ್ಮ ಒಂದು ಅನುದಾನಿತ ಶಾಲೆಯಲ್ಲಿ ಕ್ಲಾರ್ಕ್. ಕ್ಯಾಶ್ ಬುಕ್ಕು, ಬಿಲ್ಲು, ಆಡಿಟ್ಟು ಎಲ್ಲ ಅವರದೇ. ಪತ್ತೇದಾರಿ ಕಾದಂಬರಿ ಮುಟ್ಟುವವರಲ್ಲ. ಕಳೆದ ಭಾನುವಾರ ಕಿರಾಣಿ ಅಂಗಡಿಯ ರಸೀದಿ ಹಿಂದೆ ‘ಗ್ರಾಂಟ್?’ ಅಂತ ಬರೆದು, ಕೆಳಗೆ ಒಂದು ಫೋನ್ ನಂಬರ್ ಗೀಚಿ, ಏನೂ ಹೇಳದೆ ಅವರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ನೋಡಿದರು.

“ಯಾವ ವರ್ಷದ್ದೋ?” ಅಂದರು.